ಇವತ್ತ ಎಷ್ಟ ಗೋಳು ಆದವ್ರಿ?

ನನ್ನ ಹೆಂಡತಿ ನೀಲವ್ವನ ನಾಲಿಗೆಗೆ 'ಗೋಲ್' ಎಂಬ ಮಾತು ಕೊನೆಯವರೆಗೂ ಒಗ್ಗಲಿಲ್ಲ. ಅವಳು 'ಗೋಳು' ಎನ್ನುತ್ತಿದ್ದಳು. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವನು. ಲಕಾರ ಳಕಾರ ತಪ್ಪಿದರೆ ಅಂಗೈ ಮೇಲೆ ಛಡಿ ಏಟು ಬೀಳುತ್ತಿದ್ದ ಶಾಲೆಯಲ್ಲಿ ಕಲಿತವನು. ಹಾಲು ಬೇರೆ, ಹಾಳು ಬೇರೆ. ಮೊಲ ಬೇರೆ, ಮೊಳ ಬೇರೆ ಎಂದು ಅವಳಿಗೆ ಎಷ್ಟೋ ಸಲ ತಿಳಿಸಿ ಹೇಳಿದ್ದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ನನಗ ಹಾಲೂ ಗೊತ್ತೈತಿ, ಹಾಳೂ ಗೊತ್ತೈತಿ. ಅಷ್ಟ ಮಂದಿ ಕೂಡಿ ಒದರೂದು ಗೋಳಲ್ದ ಮತ್ತೇನ್ರಿ?" ಎನ್ನುತ್ತಿದ್ದಳು. ಅವಳು ಹೋದದ್ದು ಈಚಿನ ಮಳೆಗಾಲದಲ್ಲಿ. ತಿದ್ದುವ ಕೆಲಸವೂ ಅವಳ ಜೊತೆಗೇ ಹೋಯಿತು. ನಾನು ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಹಾಳೆ ಎಣಿಸಿ ಕಟ್ಟು ಕಟ್ಟುವ ಖಾತೆಯವನು. ದಿನವೆಲ್ಲ ಬಿಳಿ ಹಾಳೆ ನೋಡುವವನಿಗೆ ಬರೆಯುವ ಚಟ ಹತ್ತಬಾರದು. ನನಗೆ ಈಗ ಹತ್ತಿದೆ. ಸಂಜೆ ಹೊತ್ತು ಹೋಗುವುದಿಲ್ಲ.

ಅವಳ ಆ ತಪ್ಪಿಗೊಂದು ಹಿನ್ನೆಲೆ ಇತ್ತು. ಅವಳ ತವರು ಮುಂಡಗೋಡ ಕಡೆಯ ಸನವಳ್ಳಿ. ಆ ಕಡೆ ಸಾವಾದ ಮನೆಯಲ್ಲಿ ಹೆಂಗಸರು ಬರಿದೆ ಅಳುವುದಿಲ್ಲ, ಹಾಡ್ಯಾಡಿ ಅಳುತ್ತಾರೆ. ಸತ್ತವನು ಹೇಗೆ ನಡೆಯುತ್ತಿದ್ದ, ಎತ್ತಿಗೆ ಏನೆಂದು ಹೆಸರಿಟ್ಟಿದ್ದ, ಯಾರ ಮದುವೆಯಲ್ಲಿ ಹೋಳಿಗೆ ಸಾಲಲಿಲ್ಲ ಎಂದು ಸಿಟ್ಟಾಗಿ ಎದ್ದು ಬಂದಿದ್ದ, ಎಲ್ಲವೂ ಆ ಅಳುವಿನ ರಾಗದಲ್ಲಿ ಬರುತ್ತದೆ. ಬದುಕಿದ್ದಾಗ ಒಂದೂ ಒಳ್ಳೆಯ ಮಾತು ಕೇಳದ ಮನುಷ್ಯ ಆ ಒಂದು ಮಧ್ಯಾಹ್ನದ ಮಟ್ಟಿಗೆ ಅರಸನಾಗುತ್ತಾನೆ. ನೀಲವ್ವನ ಗಂಟಲು ಇದರಲ್ಲಿ ಚೆನ್ನಾಗಿ ಪಳಗಿತ್ತು. ದೂರದ ಬಳಗದವರೂ ಹೇಳಿಕಳಿಸುತ್ತಿದ್ದರು. ಸಾವಿನ ಮನೆಗೆ ಹೋಗಿಬರುವುದಕ್ಕೆ ನಮ್ಮಲ್ಲಿ 'ಮಾತಾಡಿಸಿಕೊಂಡು ಬರುವುದು' ಎನ್ನುತ್ತಾರೆ. ಅಲ್ಲಿ ಮಾತು ಕಡಿಮೆ, ಕೂಡ್ರುವುದೇ ಹೆಚ್ಚು. ಆದರೂ ಹೆಸರು ಮಾತ್ರ ಹಾಗೆ.

ಅವಳು ಮದುವೆಯಾಗಿ ಮಿಲ್ಲಿನ ಸಾಲುಮನೆಗಳ ಚಾಳಿಗೆ ಬಂದ ಹೊಸತು. ಮನೆಯ ಹಿಂದೆಯೇ ಆಟದ ಮೈದಾನ. ಧಾರವಾಡ, ಬೆಳಗಾವಿ ಕಡೆಯಿಂದ ಬಂದ ನಾವು ಕುಸ್ತಿ ನೋಡಿ ಬೆಳೆದವರು. ಫುಟ್‌ಬಾಲಿನ ಹುಚ್ಚು ಹಿಡಿಸಿದವರು ಗೋವೆ ಮತ್ತು ಕೇರಳ ಕಡೆಯಿಂದ ಬಂದ ಹುಡುಗರು. ಒಂದು ಸಂಜೆ ನಾನು ಬೆಳಗಾವಿ ತಂಡದ ಜೊತೆಗಿನ ಪಂದ್ಯಕ್ಕೆ ಹೋಗಿದ್ದೆ. ಮೈದಾನದಿಂದ 'ಗೋ...' ಎಂದು ಎದ್ದ ಕೂಗು ನೀಲವ್ವನಿಗೆ ಒಲೆಯ ಮುಂದೆ ಕೇಳಿಸಿದೆ. ಊರಿಗೆ ಊರೇ ಗೋಳೋ ಎಂದು ಅಳುತ್ತಿದೆ, ಯಾರೋ ದೊಡ್ಡವರು ಹೋಗಿರಬೇಕು. ಹೊಸ ಊರು, ಹೊಸ ಮಂದಿ, ಮಾತಾಡಿಸದಿದ್ದರೆ ಏನೆಂದುಕೊಂಡಾರು? ಒಲೆ ಆರಿಸಿ, ತಲೆ ಮೇಲೆ ಸೆರಗು ಹೊದ್ದು, ಕೂಗು ಬಂದ ದಿಕ್ಕಿಗೆ ನಡೆದುಬಿಟ್ಟಿದ್ದಾಳೆ. ಮೈದಾನದ ಅಂಚಿನಲ್ಲಿ ನಿಂತಿದ್ದವನು ಚನ್ನಪ್ಪ. ಹಳಿಯಾಳದವನು, ನನ್ನ ಖಾತೆಯವನೇ, ಆಟದಲ್ಲಿ ಮುಳುಗಿದರೆ ಮೈಮೇಲೆ ಅರಿವೆ ಇರುವುದೂ ಗೊತ್ತಾಗದವನು.

"ಯಾರು ಹೋದ್ರೋ ಯಣ್ಣಾ?" ಎಂದಳಂತೆ.

"ಬೆಳಗಾಂವದವರು ಹೋದ್ರು ಬಿಡ್ರಿ ಅಕ್ಕಾರ. ಪೂರಾ ಹೋದ್ರು!"

"ಅಯ್ಯ ಶಿವನ! ಮಕ್ಕಳು ಮರಿ ಎಷ್ಟ ಅದಾವಂತ?"

ಚನ್ನಪ್ಪ ಚೆಂಡಿನಿಂದ ಕಣ್ಣು ತೆಗೆಯದೆ, "ಹನ್ನೊಂದ ಮಂದಿ!" ಎಂದ.

ಹನ್ನೊಂದು ಮಕ್ಕಳನ್ನು ಬಿಟ್ಟು ಹೋದ ಆ ಬೆಳಗಾವಿಯ ಮಹಾರಾಯನಿಗಾಗಿ ನೀಲವ್ವ ಅಲ್ಲಿಯೇ ಹುಲ್ಲಿನ ಮೇಲೆ ಕೂತು ರಾಗ ತೆಗೆದಳು. ನನ್ನ ಪಕ್ಕದವರು, "ಯಾರದೋ ಹೇಣ್ತಿ ಬೆಳಗಾಂವದ ಸಲುವಾಗಿ ಅಳಾಕತ್ತಾಳ ನೋಡ್ರಿ" ಎಂದು ನಕ್ಕರು. ನಾನೂ ಕತ್ತು ಚಾಚಿ ನಕ್ಕೆ. ಆಮೇಲೆ ಹಸಿರು ಸೀರೆಯ ಗುರುತು ಸಿಕ್ಕಿತು.

ಅಂದಿನಿಂದ ನಾನು ಮೈದಾನದಿಂದ ಬಂದಾಗಲೆಲ್ಲ ಅವಳ ಪ್ರಶ್ನೆ ಒಂದೇ. "ಇವತ್ತ ಎಷ್ಟ ಗೋಳು ಆದವ್ರಿ?" ನಾನು ಎಷ್ಟೋ ಒಂದು ಹೇಳುತ್ತಿದ್ದೆ. "ನಮ್ಮವೋ, ಅವರವೋ?" ನಮ್ಮವು ಎಂದರೂ ಅವರವು ಎಂದರೂ ಅವಳು ಒಂದೇ ದನಿಯಲ್ಲಿ "ಪಾಪ" ಎನ್ನುತ್ತಿದ್ದಳು. ಅವಳ ಮನಸ್ಸೆಲ್ಲ ಗೋಲ್‌ಕೀಪರನ ಮೇಲೆ. ಉಳಿದವರು ಓಡಾಡಿಕೊಂಡಿರುತ್ತಾರೆ, ಅವನೊಬ್ಬನು ಕಂಬಗಳ ನಡುವೆ ನಿಂತು ಬಂದದ್ದನ್ನೆಲ್ಲ ಅನುಭವಿಸಬೇಕು. "ಆ ಕಂಬದಾಗ ನಿಂದರಾಂವನ್ನ ಯಾರರ ಮಾತಾಡ್ಸಿದ್ರಿಲ್ಲೋ?" ಎಂದು ಕೇಳುತ್ತಿದ್ದಳು. ಗೋಲು ತಿಂದವನನ್ನು ಮಾತಾಡಿಸುವ ಪದ್ಧತಿ ಫುಟ್‌ಬಾಲಿನಲ್ಲಿ ಇಲ್ಲ ಎಂದು ನಾನು ನಗುತ್ತಿದ್ದೆ. "ಹಂಗಾದ್ರ ಅದೆಂಥಾ ಆಟ?" ಎನ್ನುವಳು.

ಮುಂಡಗೋಡದ ಹತ್ತಿರ ಟಿಬೇಟಿನ ಮಂದಿ ಬಂದು ನೆಲೆ ನಿಂತ ಹೊಸದರಲ್ಲಿ ಇವಳು ತವರಿಗೆ ಹೋದವಳು ಅವರನ್ನೂ ಮಾತಾಡಿಸಿಕೊಂಡು ಬಂದಿದ್ದಳು. ಊರೇ ಕಳೆದುಕೊಂಡು ಬಂದವರಂತೆ, ಮಾತಾಡಿಸದೆ ಇರುವುದು ಹೇಗೆ? ಗೋವಿನಜೋಳ ಬಿತ್ತಲು ಕಾಡು ಕಡಿಯುತ್ತಿದ್ದ ಹೆಂಗಸರ ನಡುವೆ ಹೋಗಿ ಕೂತಳಂತೆ. ಒಬ್ಬ ಮುದುಕಿ ಅವಳ ಕೈ ಹಿಡಿದು ಅತ್ತಳಂತೆ, ಇವಳೂ ಅತ್ತಳಂತೆ. "ಅವರ ಭಾಷಾ ನಿನಗ ಬರೂದಿಲ್ಲ, ನಿನ್ನ ಭಾಷಾ ಅವರಿಗೆ ಬರೂದಿಲ್ಲ. ಏನ ಮಾತಾಡಿದ್ರಿ?" ಎಂದೆ. "ಅಳಾಕೂ ಮುಲ್ಕಿ ಪಾಸಾಗಬೇಕೇನ್ರಿ?" ಎಂದಳು. ನನ್ನ ಮುಲ್ಕಿಯನ್ನು ಅವಳು ಹೀಗೆ ಆಗಾಗ ಒಲೆಗೆ ಹಾಕುತ್ತಿದ್ದಳು.

ಇಂಥವಳು ಜ್ವರ ಬಂದು ಮಲಗಿದಳು. ಮಳೆಗಾಲದ ಜ್ವರ, ಇಳಿಯುತ್ತದೆ ಎಂದುಕೊಂಡೆವು. ಇಳಿಯಲಿಲ್ಲ. ಧಾರವಾಡಕ್ಕೆ ಕರೆದುಕೊಂಡು ಹೊರಟೆ. ಹಳಿಯಾಳ ದಾಟುವುದರೊಳಗೆ ನನ್ನ ತೊಡೆಯ ಮೇಲೆ ಅವಳ ತಲೆ ಭಾರವಾಯಿತು. ಮಾತಾಡಿಸಲು ಬಂದವರು ಎಲ್ಲರೂ ಒಂದೇ ಮಾತು ಹೇಳಿದರು: "ಒಂದ ದಿನ ಮೊದಲ ಒಯ್ದಿದ್ರೂ ಕೈಗೆ ಹತ್ತತಿದ್ದಿಲ್ಲ ಬಿಡ್ರಿ." ಜೀವ ಉಳಿಯದಿದ್ದರೆ ನಮ್ಮಲ್ಲಿ 'ಕೈಗೆ ಹತ್ತಲಿಲ್ಲ' ಎನ್ನುತ್ತಾರೆ. ನಾನು ತಲೆಯಾಡಿಸುತ್ತಿದ್ದೆ. ಒಳಗೆ ಮಾತ್ರ ಆ 'ಒಂದ ದಿನ' ಎಂಬುದೊಂದೇ ಉಳಿಯುತ್ತಿತ್ತು. ಸನವಳ್ಳಿಯಿಂದ ಬಂದ ಹೆಂಗಸರು ಹಾಡ್ಯಾಡಿ ಅತ್ತರು. ಚೆನ್ನಾಗಿಯೇ ಅತ್ತರು. ಆದರೆ ಅವರಲ್ಲಿ ಇದನ್ನು ಎಲ್ಲರಿಗಿಂತ ಚೆನ್ನಾಗಿ ಮಾಡುವವಳು ಆ ದಿನ, ನಮ್ಮ ಪದ್ಧತಿಯಂತೆ ಗೋಡೆಗೆ ಒರಗಿಸಿ ಕೂಡ್ರಿಸಿದಲ್ಲಿ, ಸುಮ್ಮನೆ ಕೂತಿದ್ದಳು, ಹಣೆಗೆ ವಿಭೂತಿ ಹಚ್ಚಿಸಿಕೊಂಡು. ನನಗೆ ಅಳು ಬರಲಿಲ್ಲ. ಆಮೇಲೂ ಬರಲಿಲ್ಲ. ಚಾಳಿನ ಹಿರಿಯರು ನನ್ನ ಮುಖ ನೋಡಿ, "ಒಮ್ಮೆ ಅತ್ತುಬಿಡ್ರಿ ಶಿವಪ್ಪ, ಇಲ್ಲಾಂದ್ರ ಎದಿಯಾಗ ಗಡ್ಡಿ ಕಟ್ಟತೈತಿ" ಎಂದರು. ಬರಬೇಕಲ್ಲ. ಅದೇನು ಮಿಲ್ಲಿನ ಭೋಂಗಾ ಕೂಗಿದ ಕೂಡಲೆ ಬರುವ ಕೆಲಸದ ಸರದಿಯೇ? ನಿದ್ದೆ ಮಾಡಿ ಎದ್ದರೂ ದಣಿವು, ಕೆಲಸ ಮಾಡಿದರೂ ದಣಿವು. ಊಟ ಮಾಡಿದ್ದಕ್ಕೂ ದಣಿಯುವವನನ್ನು ನಾನು ನನ್ನಲ್ಲಿಯೇ ಮೊದಲು ಕಂಡದ್ದು.

ದೀಪಾವಳಿ ಕಳೆದ ಮೇಲೆ ಕಪ್ಪಿನ ಪಂದ್ಯಗಳು ಬಂದವು. ಬೆಳ್ಳಗೆ ಹೊಳೆಯುವ ಪಾತ್ರೆಗೆ ಕಪ್ಪು ಎನ್ನುವ ಮಂದಿಯ ಜೊತೆ ವಾದವೇನು ಎಂದು ನೀಲವ್ವ ಇದನ್ನು ತಿದ್ದಲು ಹೋಗಿರಲಿಲ್ಲ. ನಮ್ಮ ಮಿಲ್ಲಿನ ತಂಡ ಫೈನಲ್ಲಿಗೆ ಬಂತು. ಎದುರಾಳಿ ಮತ್ತೆ ಬೆಳಗಾವಿ ಕಡೆಯವರೇ. ಚನ್ನಪ್ಪ ಬಂದು ಬಾಗಿಲಲ್ಲಿ ನಿಂತ. "ಏಳ್ರಿ ಶಿವಪ್ಪಣ್ಣ. ಒಳಗ ಕುಂತು ಗ್ವಾಡಿ ಕಾಯಾಕತ್ತೀರೇನು? ಗ್ವಾಡಿ ಎಲ್ಲೂ ಓಡಿಹೋಗೂದಿಲ್ಲ." ಬೇಡ ಎನ್ನುವುದಕ್ಕೂ ಶಕ್ತಿ ಬೇಕು. ಅದಕ್ಕಿಂತ ಅಂಗಿ ಹಾಕಿಕೊಂಡು ಹೋಗುವುದೇ ಸುಲಭವೆನಿಸಿತು.

ಅರ್ಧ ಆಟ ಮುಗಿಯುವುದರೊಳಗೆ ಬೆಳಗಾವಿಯವರು ಎರಡು ಗೋಲು ಹೊಡೆದಿದ್ದರು. ಅಭಿಮಾನಿ ಎಂಬ ಪ್ರಾಣಿಯ ಸ್ವಭಾವ ನೋಡಬೇಕಾದರೆ ಅದು ತಕ್ಕ ಹೊತ್ತು. ಬೆಳಿಗ್ಗೆ ಅದೇ ಹುಡುಗರ ಹಣೆಗೆ ಕುಂಕುಮ ಹಚ್ಚಿದವರು ಈಗ, "ಹೋಗ್ರಲೇ, ಹಾಳಿ ಎಣಸಾಕ ಹೋಗ್ರಿ!" ಎಂದು ಒದರಿದರು. ಹಾಳೆ ಎಣಿಸುವವನಾದ ನಾನು ನನ್ನ ಕೈಬೆರಳು ನೋಡಿಕೊಂಡೆ. ಚನ್ನಪ್ಪ ಎದ್ದು ಧೋತರ ಝಾಡಿಸಿದ. "ಇನ್ನ ಮ್ಯಾಲ ಈ ಆಟ ನೋಡಿದ್ರ ನನ್ನ ಹೆಸರು ಚನ್ನಪ್ಪ ಅಲ್ಲ. ಬರ್ರಿ, ಹೋಗೂಣು."

"ನೀ ನಡಿ. ನಾ ಕುಂದರ್ತೇನಿ."

"ಇನ್ನೂ ಭರೋಸಾ ಐತೇನು ಇವರ ಮ್ಯಾಲ?"

ಭರೋಸೆಯ ಮಾತೇ ಇರಲಿಲ್ಲ. ಎದ್ದು ಹೋದವರಿಗೆಲ್ಲ ಸೋಲನ್ನು ಹೇಳಿಕೊಳ್ಳಲು ಮನೆಯಲ್ಲಿ ಒಬ್ಬರಿದ್ದರು. ನನಗೆ ಬೀಗ ತೆಗೆಯಲು ಬೇಸರವಾಗಿತ್ತು. ಅಷ್ಟೇ. ಮೈದಾನ ಅರ್ಧ ಬರಿದಾಯಿತು. ಇದೇ ಕಾರಣಕ್ಕೆ ಈಗ ಮಿಲ್ಲಿನಲ್ಲಿ ನನ್ನನ್ನು ನಿಷ್ಠೆಯ ಮನುಷ್ಯ ಎಂದು ತೋರಿಸುತ್ತಾರೆ.

ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ, ನೋಡದವರಿಗಂತೂ ಇನ್ನೂ ಚೆನ್ನಾಗಿ ಗೊತ್ತು. ಮೊದಲ ಗೋಲು ಬಾಯ್ಲರ್ ಖಾತೆಯ ಹುಡುಗ ಹೊಡೆದ. ಉಳಿದಿದ್ದ ಮಂದಿ, ಪರರ ಮದುವೆಯಲ್ಲಿ ಅಕ್ಕಿಕಾಳು ಹಾಕಿದ ಹಾಗೆ, ಚಪ್ಪಾಳೆ ಹೊಡೆದರು. ಎರಡನೆಯದು ತಲೆಯಿಂದ ಬಂತು. ಈ ಸಲದ ಕೂಗು ಚಹದ ಅಂಗಡಿಗಳಿಗೆ ಮುಟ್ಟಿತು. ಮಂದಿ ಗ್ಲಾಸು ಕೈಯಲ್ಲಿ ಹಿಡಿದುಕೊಂಡೇ ಓಡಿಬಂದರು. ಹಳಿಯಾಳದ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ ಚನ್ನಪ್ಪ ಆ ಕಾಲನ್ನು ಹಿಂದಕ್ಕೆ ತೆಗೆದ. ಕುಸ್ತಿಯಲ್ಲಿ ಹೀಗಿಲ್ಲ. ಅಲ್ಲಿ ಬೆನ್ನು ಮಣ್ಣಿಗೆ ಹತ್ತಿತೆಂದರೆ ಮುಗಿಯಿತು, ಮೈ ಒರೆಸಿಕೊಂಡು ನಡೆಯಬೇಕು. ಫುಟ್‌ಬಾಲಿನಲ್ಲಿ ಸೀಟಿ ಊದುವವರೆಗೆ ಆಶೆ ಬಿಡುವುದಿಲ್ಲ. ದಣಿದವನಿಗೆ ಕುಸ್ತಿಯೇ ಒಳ್ಳೆಯದು ಎಂದುಕೊಳ್ಳುತ್ತ ಕೂತಿದ್ದೆ.

ಸೀಟಿಗೆ ಇನ್ನೇನು ಸ್ವಲ್ಪ ಹೊತ್ತಿತ್ತು. ನಮ್ಮವನೊಬ್ಬ ಒದ್ದ ಚೆಂಡಿನಲ್ಲಿ ಜೀವವೇ ಇರಲಿಲ್ಲ. ಅವರ ಗೋಲ್‌ಕೀಪರ್ ಅದನ್ನು ಹಿಡಿಯಲು ಎಡಕ್ಕೆ ಹಾರಿದ. ನಡುವೆ ಅವರವನದೇ ಒಂದು ಹಿಮ್ಮಡಿಗೆ ತಾಗಿ ಚೆಂಡು ಬಲಕ್ಕೆ ಹೊರಳಿತು, ಹೊರಳಿಕೊಂಡೇ ಒಳಗೆ ಹೋಯಿತು. ಆಮೇಲಿನ ಕೂಗು ಮಿಲ್ಲಿನ ಭೋಂಗಾವನ್ನು ನುಂಗಿತು. ಟೊಪ್ಪಿಗೆ, ರುಮಾಲು, ಚಪ್ಪಲಿ ಎಲ್ಲ ಮೇಲೆ ಹಾರಿದವು. ಚಪ್ಪಲಿ ಜೋಡಿಯಾಗಿ ಕೆಳಗೆ ಬರಲಿಲ್ಲ. ನನಗೆ ಪರಿಚಯವಿಲ್ಲದವನೊಬ್ಬ ನನ್ನನ್ನು ಅಪ್ಪಿಕೊಂಡು ಅಂಗಿಯ ಮೇಲೆ ಎಲೆಅಡಿಕೆ ಉಗುಳಿನ ಗುರುತು ಬಿಟ್ಟುಹೋದ. ತನ್ನ ಮಾತಿನ ಪ್ರಕಾರ ಈಗ ಚನ್ನಪ್ಪನಲ್ಲದ ಚನ್ನಪ್ಪ ಹಲಗಿ ಬಾರಿಸುವವರ ಮುಂದೆ ಕುಣಿಯುತ್ತಿದ್ದ. ಸೀಟಿ ಆಯಿತು. ಇಡೀ ಜನ ಆಚೆ ಬದಿಗೆ ಹರಿದುಹೋಯಿತು.

ಈಚೆ ಬದಿಯಲ್ಲಿ ಕಂಬಕ್ಕೆ ಒರಗಿ ಆ ಗೋಲ್‌ಕೀಪರ್ ಒಬ್ಬನೇ ಕೂತಿದ್ದ. ಅವನ ಕಡೆಯವರೂ ಅವನ ಹತ್ತಿರ ಬಂದಿರಲಿಲ್ಲ.

ಮಾತಾಡ್ಸಿದ್ರಿಲ್ಲೋ? ಎಂದು ಯಾರೋ ಕೇಳಿದ ಹಾಗಾಯಿತು ಎಂದು ಬರೆದರೆ ಅದು ಬಣ್ಣದ ಮಾತಾದೀತು. ಯಾರೂ ಕೇಳಲಿಲ್ಲ. ಕಾಲುಗಳು ಹೋದವು, ನಾನೂ ಹೋದೆ. ಅವನ ಪಕ್ಕದಲ್ಲಿ ಕೂತೆ. ನೀಲವ್ವ ಮಾಡುತ್ತಿದ್ದದ್ದೂ ಅಷ್ಟೇ, ಮೊದಲು ಕೂಡ್ರುವುದು. ಮದುವೆಯ ವಯಸ್ಸಿನ ಹುಡುಗ, ಮೊಣಕೈ ಕೆತ್ತಿ ರಕ್ತ ಬಂದಿತ್ತು. ಅದನ್ನು ಒರೆಸಿಕೊಳ್ಳುತ್ತ ಅವನೇ ಬಾಯಿ ಬಿಟ್ಟ.

"ಕಾಕಾ, ಮೂರನೇದು ನಂದ ತಪ್ಪ. ನಾ ಗಡಬಡ ಮಾಡಿದೆ. ಒಂದ ಗಳಿಗಿ ತಡದಿದ್ರ ಹಿಡೀತಿದ್ದೆ."

"ಇಲ್ಲ ತಮ್ಮಾ. ತಡದಿದ್ರೂ ಕೈಗೆ ಹತ್ತತಿದ್ದಿಲ್ಲ."

"ಹತ್ತತಿತ್ರಿ."

"ಹತ್ತತಿದ್ದಿಲ್ಲ. ನಾ ಇಲ್ಲೇ ಕುಂತು ನೋಡೇನಿ. ಅದು ಯಾರ ಕೈಗೂ ಹತ್ತತಿದ್ದಿಲ್ಲ."

ಹೇಳಿ ಮುಗಿಸಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಇದೇ ಮಾತನ್ನು ಊರವರೆಲ್ಲ ನನಗೆ ಹೇಳಿದ್ದರು, ನಾನು ಇದನ್ನು ಸಮಾಧಾನದ ಸುಳ್ಳು ಎಂದು ಬದಿಗಿಟ್ಟಿದ್ದೆ. ಆದರೆ ಈ ಹುಡುಗನಿಗೆ ನಾನು ಹೇಳಿದ್ದು ಸುಳ್ಳಲ್ಲ. ಚೆಂಡು ಹೊರಳಿದ್ದನ್ನು ಕಣ್ಣಾರೆ ಕಂಡಿದ್ದೆ. ಹಾಗಾದರೆ ಅವರೂ ಏನೋ ಕಂಡೇ ಹೇಳಿರಬಹುದಲ್ಲ, ಎನಿಸಿತು. ಮಳೆಗಾಲದಿಂದ ತಡೆದು ನಿಂತದ್ದು, ಯಾರ ಮಾತಿಗೂ ಬಾರದ್ದು, ಬೆಳಗಾವಿಯವರ ಗೋಲುಕಂಬದ ಬುಡದಲ್ಲಿ ಬಂತು. ಹಾಡ್ಯಾಡಿ ಅಳಲು ನನಗೆ ಬರುವುದಿಲ್ಲ. ಬರಿ ಗೋಳೋ ಎಂದು ಅತ್ತೆ.

ಹುಡುಗ ಗಾಬರಿಯಾದ. "ಕಾಕಾ, ಗೆದ್ದಾವರು ನೀವಲ್ರೀ? ನೀವ್ಯಾಕ ಅಳಾಕತ್ತೀರಿ?" ಎಂದ. ಕೊನೆಗೆ ಕಪ್ಪು ಕಳೆದುಕೊಂಡವನೇ ನನ್ನ ಬೆನ್ನ ಮೇಲೆ ಕೈಯಾಡಿಸಿ, "ಸುಮ್ಮಕಿರ್ರಿ ಕಾಕಾ, ಸುಮ್ಮಕಿರ್ರಿ" ಎನ್ನಬೇಕಾಯಿತು. ಅಷ್ಟರಲ್ಲಿ ಮೈಯೆಲ್ಲ ಗುಲಾಲಾಗಿ ಬಂದ ಚನ್ನಪ್ಪ ಹತ್ತಾರು ಜನಕ್ಕೆ ನನ್ನನ್ನು ತೋರಿಸಿದ. "ನೋಡ್ರಲೇ, ಅಭಿಮಾನ ಅಂದ್ರ ಇದು! ಖುಷೀಲೆ ಹೆಂಗ ಅಳಾಕತ್ತಾರ ಶಿವಪ್ಪಣ್ಣ!" ಮರುದಿನ ಖಾತೆಯಲ್ಲಿ ಯಾರಿಗೂ ದನಿ ಇರಲಿಲ್ಲ, ಎಲ್ಲರೂ ಕೈಸನ್ನೆಯಲ್ಲಿ ಹಾಳೆ ಎಣಿಸಿದರು. ಚನ್ನಪ್ಪ ಮಾತ್ರ ಒಡಕು ಗಂಟಲಲ್ಲಿ ಮೂರೂ ಗೋಲುಗಳನ್ನು ವರ್ಣಿಸುತ್ತಿದ್ದ. ಮೊದಲಿನ ಎರಡನ್ನು ಅವನು ಕಂಡಿರಲಿಲ್ಲ. ಆದರೂ ಅವುಗಳನ್ನೇ ಚೆನ್ನಾಗಿ ಹೇಳಿದ.

ಪಂದ್ಯ ಮುಗಿದ ಆ ಸಂಜೆ ಬೀಗ ತೆಗೆದು ಒಳಗೆ ಹೋದೆ. ಎಷ್ಟೋ ವರ್ಷದ ರೂಢಿ, ಚಪ್ಪಲಿ ಬಿಡುತ್ತ ಅಡಿಗೆಮನೆಯ ಕಡೆಗೆ "ಐದು ಗೋಳು" ಎಂದೆ. ಳಕಾರವೇ ಬಂತು, ತಿದ್ದಿಕೊಳ್ಳಲು ಹೋಗಲಿಲ್ಲ. ನಮ್ಮವೋ, ಅವರವೋ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳಲು ಆ ದಿನ ನನಗೂ ಬರುತ್ತಿರಲಿಲ್ಲ.