ಸೊನ್ನೆಗೆ ಬಿಟ್ಟ ಜಾಗ

ನನ್ನ ತಂಗಿ ಮಾಡಿದ ಕೆಲಸ ಸರಿಯಾಗಿತ್ತು, ಅದನ್ನು ಕೆಡಿಸಿದವನು ನಾನು. ಇಷ್ಟನ್ನು ಅವಳ ಸರ್ ಎದುರಿಗೆ ನಾನು ಹೇಳಬೇಕಿತ್ತು. ಹೇಳಲಿಲ್ಲ. ಅವಳೇ ನನ್ನ ಕಡೆ ತಿರುಗಿ ಕೇಳಿದಳು, ಆಗಲೂ ಹೇಳಲಿಲ್ಲ. ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟವನು ನಾನು, ಬರೆಯುವುದು ನನಗೆ ಸಲೀಸಲ್ಲ. ಆದರೂ ಇದನ್ನು ಬರೆಯಲು ಕೂತರೆ ತಪ್ಪಿಗಿಂತ ಮೊದಲು ಆ ಸಂಜೆಗಳು ನೆನಪಾಗುತ್ತವೆ. ಅವಳು ನನ್ನ ಮಷಿನ್ನಿನ ಪಕ್ಕ ಸ್ಟೂಲಿನ ಮೇಲೆ ಕೂತು ಮಾತಾಡುತ್ತಿದ್ದ ಸಂಜೆಗಳು.

ನಾವು ಕುರುಗೋಡಿನವರು. ಅಪ್ಪ ತೀರಿಕೊಂಡ ಮೇಲೆ ನಾನು ಬಳ್ಳಾರಿಗೆ ಬಂದು ಕಂಟೋನ್ಮೆಂಟಿನಲ್ಲಿ ಪ್ಯಾಂಟು ಹೊಲಿಯುವ ಒಂದು ಅಂಗಡಿ ಸೇರಿದೆ. ಹಳೆಯ ಬಂಗಲೆಯೊಂದರ ಹಿಂದೆ ಕುದುರೆ ಕಟ್ಟುತ್ತಿದ್ದ ಲಾಯ ಅದು. ಮೇಲೆ ತಗಡು, ಒಳಗೆ ಸಾಲಾಗಿ ಮಷಿನ್ನು. ನಮ್ಮ ಯಜಮಾನರನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಬಟ್ಟೆ ಕತ್ತರಿಸುವುದು ಅವರು, ಹೊಲಿಯುವುದು ನಾವು. ಜೀನ್ಸ್ ಬಟ್ಟೆ ಬಳ್ಳಾರಿಗೆ ಬರತೊಡಗಿದ್ದ ಕಾಲ. ಅದರ ನೀಲಿ ಬೆರಳಿಗೆ ಹತ್ತಿದರೆ ಊಟ ಮಾಡುವಾಗಲೂ ಕಾಣುತ್ತಿತ್ತು.

ತಂಗಿ ನನ್ನ ಹಾಗಲ್ಲ. ಓದಿದಳು. ಕಾಲೇಜು ಮುಗಿಸಿದ ಮೇಲೆ ನನ್ನ ಜೊತೆಗೇ ಬಾಡಿಗೆ ಕೋಣೆಯಲ್ಲಿದ್ದು ಗಾಂಧಿನಗರದ ಕಂಪ್ಯೂಟರ್ ಕ್ಲಾಸಿಗೆ ಸೇರಿಕೊಂಡಳು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಕ್ಲಾಸು ಎಂದರೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಿದ್ದ, ಬಳ್ಳಾರಿಯ ಬಿಸಿಲಿಗೆ ಬಾಗಿಲು ಮುಚ್ಚಿಕೊಂಡ ತಣ್ಣನೆಯ ಕೋಣೆ. ಅದನ್ನು ನಡೆಸುತ್ತಿದ್ದ ಸರ್ ಸಿರುಗುಪ್ಪದ ಅಕ್ಕಿ ಗಿರಣಿಯೊಂದಕ್ಕೆ ಲೆಕ್ಕದ ಪ್ರೋಗ್ರಾಂ ಬರೆಯುವ ಕೆಲಸ ಒಪ್ಪಿಕೊಂಡಿದ್ದರು. ಅದಕ್ಕೆ ಬೇಕಾದ ಒಂದು ಭಾಗವನ್ನು ತಂಗಿಗೆ ಕೊಟ್ಟಿದ್ದರು. ಅದು ಚೆನ್ನಾಗಿ ಬಂದರೆ ಅಲ್ಲಿಯೇ ಕಲಿಸುವ ಕೆಲಸಕ್ಕೆ ಇಟ್ಟುಕೊಳ್ಳುತ್ತೇನೆ ಎಂದಿದ್ದರು. ನಮ್ಮ ಮನೆತನದಲ್ಲಿ ಯಾರೂ ಕುರ್ಚಿಯ ಮೇಲೆ ಕೂತು ಇನ್ನೊಬ್ಬರಿಗೆ ಕಲಿಸಿದ್ದಿಲ್ಲ.

ಕ್ಲಾಸು ಬಿಟ್ಟ ಮೇಲೆ ಅವಳು ನೇರ ಅಂಗಡಿಗೆ ಬರುತ್ತಿದ್ದಳು. ನಾನು ಕಾಲಿನಿಂದ ಮಷಿನ್ನು ತುಳಿಯುತ್ತಿದ್ದೆ, ಅವಳು ಮಾತಾಡುತ್ತಿದ್ದಳು. ತನಗೆ ತಿಳಿದದ್ದನ್ನು ನನಗೆ ತಿಳಿಯುವಂತೆ ಹೇಳಿದರೆ ತನಗೇ ಇನ್ನಷ್ಟು ತಿಳಿಯುತ್ತದೆ ಎಂದು ಅವಳ ನಂಬಿಕೆ.

"ಅಣ್ಣ, ಒಂದು ಕಿಸೆ ಕೆಟ್ಟೈತಿ ಅನ್ನು. ಇಡೀ ಪ್ಯಾಂಟು ಬಿಚ್ಚಿ ಹೊಲಿತಿಯೇನು?"

"ನನಗೇನು ಹುಚ್ಚೈತೇನು? ಕಿಸೆ ಅಷ್ಟ ಬಿಚ್ಚತೀನಿ."

"ನಮ್ಮ ಸರ್ ಪ್ರೋಗ್ರಾಮೂ ಹಂಗ. ತುಂಡು ತುಂಡು ಐತಿ. ಒಂದು ತುಂಡು ತಿದ್ದಿದ್ರೂ ಎಲ್ಲಾ ತುಂಡು ಮೊದಲಿಂದ ಕಂಪ್ಯೂಟರಿನ ಭಾಷೆಗೆ ತಿರುವಬೇಕು. ಅದು ಮುಗಿಯೋದರಾಗ ಸರ್ ಚಾ ಕುಡುದು ಬರ್ತಾರ. ಅದಕ್ಕ ಒಂದು ಸಾಧನ ಬರಿಯಾಕ ಹತ್ತೀವಿ. ಯಾವ ತುಂಡು ಯಾವುದರಿಂದ ಆಗೈತಿ ಅಂತ ಒಂದು ಹಾಳಿಯೊಳಗ ಬರದಿರ್ತೀವಿ. ಆ ಸಾಧನ ಅದನ್ನ ಓದಿ, ತಿದ್ದಿದ ತುಂಡು ಯಾವುದು ನೋಡಿ, ಅದನ್ನಷ್ಟ ತಿರುಗಿ ಮಾಡತೈತಿ."

"ಅದರಾಗ ನಿಂದೇನು?"

"ಆ ಹಾಳಿ ಓದೋದು ನಂದು."

ಓದುವುದರಲ್ಲಿ ಏನು ದೊಡ್ಡಸ್ತಿಕೆ ಎಂದು ನಾನು ನಕ್ಕೆ. ಅವಳಿಗೆ ಸಿಟ್ಟು ಬಂತು. ಕಂಪ್ಯೂಟರ್ ಮಷಿನ್ನಿಗೆ ಒಂದು ಸಾಲು ಎಂದರೆ ಬರೀ ಅಕ್ಷರಗಳ ಮೆರವಣಿಗೆ. ಪದ ಎಲ್ಲಿ ಸುರುವಾಯಿತು, ಎಲ್ಲಿ ಮುಗಿಯಿತು ಎಂಬುದು ಅದಕ್ಕೆ ಗೊತ್ತಿಲ್ಲ. ಸಾಲಿನ ಎರಡೂ ತುದಿಯ ಖಾಲಿ ಜಾಗ ಕತ್ತರಿಸುವುದು, ನಡುವೆ ಎರಡು ಚುಕ್ಕೆ ಕಂಡಲ್ಲಿ ಸಾಲನ್ನು ಇಬ್ಭಾಗ ಮಾಡುವುದು, ಎರಡು ಹೆಸರು ಒಂದೇ ಹೌದೋ ಅಲ್ಲವೋ ಎಂದು ಹೋಲಿಸುವುದು, ಒಂದರ ಹಿಂದೆ ಒಂದನ್ನು ಜೋಡಿಸುವುದು. ಹೀಗೆ ಒಂದೊಂದು ಕೆಲಸಕ್ಕೂ ಸಿ ಎಂಬ ಭಾಷೆಯಲ್ಲಿ ಅವಳು ಒಂದೊಂದು ಪುಟ್ಟ ಪ್ರೋಗ್ರಾಂ ಬರೆಯುತ್ತಿದ್ದಳು. ಅಕ್ಷರಗಳ ಆ ಸಾಲಿಗೆ ಅವರು ಸ್ಟ್ರಿಂಗ್ ಎನ್ನುತ್ತಾರೆ.

"ಕೊನೀ ಅಕ್ಷರ ಆದಮ್ಯಾಲೆ ಒಂದು ಸೊನ್ನಿ ಇಡಬೇಕಣ್ಣ. ಅದು ಕಾಣೋತನಕ ಮಷಿನ್ನು ಓದಿಕೊಂತ ಹೋಗತೈತಿ."

"ಇಡಲಿಲ್ಲಂದ್ರ?"

"ಪಕ್ಕದ ಮನಿಯೊಳಗ ಹೊಕ್ಕತೈತಿ. ಅಲ್ಲಿದ್ದದ್ದೂ ತನ್ನದ ಅಂತ ಓದತೈತಿ. ಬರಿಯಾಕ ಹೊಂಟಿತ್ತಂದ್ರ ಅಲ್ಲಿದ್ದದ್ದು ಅಳಿಸಿ ಬರದುಬಿಡತೈತಿ."

"ನಮ್ಮ ಉಸ್ತಾದ್ ಇದ್ದಂಗ. ಒಮ್ಮಿ ಮಾತು ಸುರು ಮಾಡಿದ್ರ ನಿಲ್ಲಂಗಿಲ್ಲ."

"ನಾ ಇಲ್ಲೇ ಅದೀನಿ ಲೇ," ಎಂದರು ಉಸ್ತಾದ್, ಕತ್ತರಿಯಿಂದ ಕಣ್ಣು ಎತ್ತದೆ. "ನಿನ್ನ ತಂಗಿ ಇನ್ನೊಂದು ವಾರ ಇಲ್ಲೇ ಕುಂತ್ರ ನನ್ನ ಪ್ಯಾಂಟುಗಳೂ ಮಗ್ಗಿ ಹೇಳಾಕ ಹತ್ತಾವು."

ಇನ್ನೊಂದು ದಿನ ಅವಳು ಸಪ್ಪಗೆ ಬಂದಳು. ಫೈಲಿನ ಹೆಸರಿನ ಬಾಲ, ಅಂದರೆ ಚುಕ್ಕೆಯ ಮುಂದಿನ ಅಕ್ಷರ, ಬದಲಿಸುವ ಪ್ರೋಗ್ರಾಂ ಅಂತೆ. ಬಾಲದಲ್ಲಿದ್ದ ಒಂದು ಅಕ್ಷರ ತೆಗೆದು ಅಲ್ಲಿ ಮೂರು ಅಕ್ಷರ ಕೂಡಿಸಬೇಕು. ಕೂಡಿಸಿದರೆ ಸೊನ್ನೆಗೆ ಜಾಗವಿಲ್ಲದೆ ಎಲ್ಲ ಕಲಸಿಹೋಗುತ್ತಿತ್ತು.

"ಹೊಲಿಗಿಗೆ ಬಟ್ಟಿ ಬಿಟ್ಟು ಕತ್ತರಿಸಬೇಕವ್ವ," ಎಂದೆ ನಾನು. "ಅಳತಿ ಎಷ್ಟೈತೋ ಅಷ್ಟ ಕತ್ತರಿಸಿದ್ರ ಪ್ಯಾಂಟು ಮೈಗೆ ಹತ್ತೋದಿಲ್ಲ."

ಅದು ಅವಳಿಗೆ ಮೊದಲೇ ಗೊತ್ತಿರಬಹುದು. ಆದರೂ ನನ್ನಿಂದಲೇ ಕಲಿತವಳ ಹಾಗೆ ತಲೆಯಾಡಿಸಿದಳು. ಅಂದಿನಿಂದ ಅಂಗಡಿಗೆ ಬಂದ ಕೂಡಲೇ, "ಇವತ್ತೂ ಹೊಲಿಗಿಗೆ ಬಿಟ್ಟು ಬಂದೀನಿ ಅಣ್ಣ, ಸೊನ್ನಿಗೆ ಒಂದು ಜಾಗ ಹೆಚ್ಚಿಗಿ," ಎಂದು ವರದಿ ಒಪ್ಪಿಸುವಳು. ಪದದ ಅಕ್ಷರ ಎಷ್ಟೋ ಅಷ್ಟು, ಮೇಲೆ ಒಂದು. ಒಂದು ದಿನವೂ ಅವಳು ಅದನ್ನು ಮರೆತವಳಲ್ಲ. ಇದು ನನಗೆ ಗೊತ್ತಿದ್ದಷ್ಟು ಇನ್ಯಾರಿಗೂ ಗೊತ್ತಿರಲಿಲ್ಲ.

ಕೆಲಸ ಮುಗಿಯಿತು. ಎಲ್ಲವೂ ಒಂದು ಫ್ಲಾಪಿಯಲ್ಲಿತ್ತು, ಬೇರೆ ಪ್ರತಿ ಇರಲಿಲ್ಲ. ಕಾಗದದ ಚೀಲದೊಳಗೆ ಕರಿಯ ತೆಳು ಚೌಕ. ಮುಟ್ಟಿದರೆ ಬಾಗುತ್ತಿತ್ತು. ಸರ್ ಅದನ್ನು ಸಿರುಗುಪ್ಪಕ್ಕೆ ಒಯ್ದು ಗಿರಣಿಯ ಹೊಸ ಕಂಪ್ಯೂಟರಿನಲ್ಲಿ ಓಡಿಸಿ ನೋಡುವವರಿದ್ದರು. ಅದೇ ದಿನ ಕುರುಗೋಡಿನಿಂದ ಅವ್ವನಿಗೆ ಜ್ವರ ಎಂದು ಸುದ್ದಿ ಬಂತು. ತಂಗಿ ಮಧ್ಯಾಹ್ನದ ಬಸ್ಸಿಗೆ ಹೊರಟಳು. ಸರ್ ಸಂಜೆ ಬಸ್ ಸ್ಟ್ಯಾಂಡಿಗೆ ಹೋಗುವಾಗ ಅಂಗಡಿಗೆ ಬರುತ್ತಾರೆ, ಅವರ ಕೈಗೆ ಕೊಡು ಎಂದು ಫ್ಲಾಪಿಯನ್ನು ನನ್ನ ಮೇಜಿನ ಮೇಲಿಟ್ಟಳು.

"ಬಿಸಿಲಿಗೆ ಇಡಬ್ಯಾಡ. ಮಡಚಬ್ಯಾಡ. ನೀರು ತಾಗಿಸಬ್ಯಾಡ. ಆಮ್ಯಾಲೆ ಇದು," ಎಂದು ಮೇಜಿನ ಮೇಲಿದ್ದ ಕಲ್ಲನ್ನು ಎತ್ತಿಕೊಂಡು ಹೋಗಿ ದೂರದ ಕಿಟಕಿಯಲ್ಲಿಟ್ಟು ಬಂದಳು. "ಇದು ಹತ್ರ ಬಂದ್ರ ಎಲ್ಲಾ ಅಳಿಸಿ ಹೋಗತೈತಿ. ನೆಪ್ಪಿಡು."

ಕಲ್ಲು ಎಂದರೆ ಕೆಟ್ಟ ರೇಡಿಯೋದ ಸ್ಪೀಕರಿನಿಂದ ಕಿತ್ತ ಅಯಸ್ಕಾಂತ. ಕೆಳಗೆ ಬಿದ್ದ ಸೂಜಿ, ಗುಂಡುಪಿನ್ನು ಆರಿಸಲು ಪ್ರತಿ ಟೈಲರ್ ಹತ್ತಿರವೂ ಅಂಥದೊಂದು ಇರುತ್ತಿತ್ತು.

ಅವಳು ಹೋದ ಮೇಲೆ ಸೂಜಿ ಮುರಿಯಿತು. ತುಂಡು ಎಲ್ಲಿ ಬಿತ್ತೆಂದು ಕಾಣಲಿಲ್ಲ. ಬರಿಗಾಲಿನಲ್ಲಿ ಓಡಾಡುವವರ ಅಂಗಡಿ ಅದು. ಎದ್ದು ಹೋಗಿ ಕಲ್ಲು ತಂದು ನೆಲದ ಮೇಲೆ ಆಡಿಸಿದೆ. ತುಂಡು ಸಿಕ್ಕಿತು. ಮತ್ತೆ ಕೂತೆ. ಸೆಕೆ ಹೆಚ್ಚಾಗಿ ಉಸ್ತಾದ್ ಟೇಬಲ್ ಫ್ಯಾನು ನಮ್ಮ ಕಡೆ ತಿರುಗಿಸಿದರು. ಫ್ಲಾಪಿಯ ಚೀಲ ಗಾಳಿಗೆ ಸರಿಯತೊಡಗಿತು. ಬಿದ್ದು ಹೋದೀತೆಂದು, ಜೋಪಾನ ಮಾಡಬೇಕೆಂದೇ, ಕೈಗೆ ಸಿಕ್ಕಿದ್ದನ್ನು ಅದರ ಮೇಲೆ ಇಟ್ಟೆ. ಕೈಗೆ ಸಿಕ್ಕಿದ್ದು ಆ ಕಲ್ಲು.

ಸಂಜೆ ಸರ್ ಬಂದಾಗಲೇ ನನ್ನ ಕಣ್ಣಿಗೆ ಅದು ಬಿದ್ದದ್ದು. ಕಲ್ಲು ಎತ್ತಿದೆ. ಮೈ ತುಂಬ ಪಿನ್ನು ಅಂಟಿಸಿಕೊಂಡು ಅದು ಮುಳ್ಳುಹಂದಿಯ ಹಾಗಿತ್ತು. ತಂಗಿಯ ಮಾತು ನೆನಪಾಯಿತು. ಸರ್ ಅವಸರದಲ್ಲಿದ್ದರು. ಏನೂ ಆಗಿರಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಚೀಲದ ಮೇಲಿನ ಧೂಳು ಅಂಗಿಯ ತುದಿಯಿಂದ ಒರೆಸಿ ಕೊಟ್ಟುಬಿಟ್ಟೆ.

ಅವರು ಸಿರುಗುಪ್ಪದಿಂದ ತಿರುಗಿ ಬರುವಷ್ಟರಲ್ಲಿ ತಂಗಿಯೂ ಬಂದಿದ್ದಳು. ಅಂಗಡಿಯ ಬಾಗಿಲಲ್ಲಿ ನಿಂತೇ ಮಾತು.

"ಏನೂ ಬರಲಿಲ್ಲಮ್ಮ. ಡಿಸ್ಕು ಓದಾಕ ಆಗೋದಿಲ್ಲ ಅಂತ ಅಂದ್ಬಿಡ್ತು. ಗಿರಣಿ ಸಾವ್ಕಾರ್ರ ಮುಂದ ಮಾನ ಹೋಯ್ತು. ಕೊನೇಗೆ ಏನು ಓಡಿಸಿದ್ದಿ ಅದರೊಳಗ?"

"ಬಾಲ ಬದಲಿಸೋದು, ಸರ್. ಸರಿ ಬಂದಿತ್ತು."

"ಎಲ್ಲೋ ಸೊನ್ನೆಗೆ ಜಾಗ ಬಿಟ್ಟಿಲ್ಲ ನೀನು. ದಾಟಿ ಹೋಗಿ ಡಿಸ್ಕಿನ ಮ್ಯಾಲೆಲ್ಲಾ ಬರೆದೈತಿ."

"ಬಿಟ್ಟಿದ್ದೆ ಸರ್."

"ಬಿಟ್ಟಿದ್ರ ಹಿಂಗ್ಯಾಕ ಆಗ್ತಿತ್ತು?"

ಅವಳು ಸರ್ ಕೈಯಲ್ಲಿದ್ದ ಫ್ಲಾಪಿಯನ್ನು ತೆಗೆದುಕೊಂಡು ನನ್ನ ಕಡೆ ತಿರುಗಿದಳು. "ಅಣ್ಣ, ಇಲ್ಲೇನೂ ಆಗಿಲ್ಲಲ್ಲ?"

"ಇಲ್ಲವ್ವ," ಎಂದೆ. "ನೀ ಇಟ್ಟಂಗ ಇತ್ತು."

ಸರ್ ನಮ್ಮ ಮಷಿನ್ನುಗಳ ಮೇಲೆ ಕಣ್ಣಾಡಿಸಿ, "ಹೊಲಿಗಿ ಕೆಲಸ ಅಲ್ಲಮ್ಮ ಇದು," ಎಂದು ಹೇಳಿ ಹೋದರು. ಆ ಭಾಗವನ್ನು ಕ್ಲಾಸಿನ ಇನ್ನೊಬ್ಬರಿಗೆ ಕೊಟ್ಟರು. ಕಲಿಸುವ ಕೆಲಸವೂ ಅವರಿಗೇ ಹೋಯಿತು.

ಕಳೆದದ್ದು ಬರೀ ಫ್ಲಾಪಿಯಾಗಿದ್ದರೆ ತಂಗಿ ಮತ್ತೆ ಬರೆಯುತ್ತಿದ್ದಳು. ಮೊದಲು ಕಾಗದದ ಮೇಲೆ ಬರೆದು ನೋಡಿದ ಹಾಳೆಗಳು ಅವಳ ಹತ್ತಿರ ಇದ್ದವು. ಅವನ್ನು ಕೋಣೆಯಲ್ಲಿ ಹರಡಿಕೊಂಡು ಬೆರಳಿಟ್ಟು ಓದುತ್ತಿದ್ದಳು, ಒಂದೊಂದು ಅಕ್ಷರ ಎಣಿಸುತ್ತಿದ್ದಳು. "ಎಲ್ಲಿ ತಪ್ಪೀನಿ ತಿಳಿವಲ್ದಣ್ಣ. ತಪ್ಪು ಸಿಕ್ಕಿದ್ರ ತಿದ್ದಬಹುದಿತ್ತು," ಎಂದಳು. ಇಲ್ಲದ ತಪ್ಪನ್ನು ಅವಳು ಹುಡುಕುತ್ತಿದ್ದಳು. ಅದು ಇಲ್ಲ ಎಂದು ತಿಳಿದ ನಾನು ಎದುರಿಗೆ ಕೂತು ರೊಟ್ಟಿ ತಿನ್ನುತ್ತಿದ್ದೆ. ಕೊನೆಗೆ, ತನ್ನ ತಪ್ಪು ತನಗೇ ಕಾಣದವಳಿಗೆ ಈ ಕೆಲಸ ಆಗಿಬರುವುದಿಲ್ಲ ಎಂದು ಹಾಳೆಗಳನ್ನು ಉರಿಗೆಂದು ಒಲೆಯ ಹತ್ತಿರ ಇಟ್ಟಳು.

ಯಾಕೆ ಹೇಳಲಿಲ್ಲ? ಮೊದಲು ಹೆದರಿಕೆ. ಆಮೇಲೆ, ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನು ಹೇಳಲಿ ಎಂಬ ಹೆದರಿಕೆ. ಇನ್ನೂ ಒಂದು ಇತ್ತು. ಅವಳು ಕ್ಲಾಸು ಬಿಟ್ಟು ನನ್ನ ಪಕ್ಕದ ಮಷಿನ್ನಿಗೆ ಬಂದು ಕೂತ ದಿನ ನನ್ನೊಳಗೆ ಎಲ್ಲೋ ಒಂದಿಷ್ಟು ಸಮಾಧಾನವಾಯಿತು. ಇನ್ನು ಎಲ್ಲಿಗೂ ಹೋಗುವುದಿಲ್ಲ ಇವಳು, ನನ್ನ ಹತ್ತಿರವೇ ಇರುತ್ತಾಳೆ ಅನ್ನಿಸಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಆದರೆ ಹತ್ತಿರ ಕೂತವಳು ಅವಳಾಗಿರಲಿಲ್ಲ. ಪ್ಯಾಂಟಿನ ಸೊಂಟಕ್ಕೆ ಬೆಲ್ಟಿನ ಪಟ್ಟಿ ಹಚ್ಚುತ್ತ ಸುಮ್ಮನಿರುತ್ತಿದ್ದಳು. ಕೆಲವೇ ದಿನದಲ್ಲಿ ಅವಳ ಬೆರಳ ತುದಿಗಳೂ ನನ್ನವುಗಳ ಹಾಗೆ ನೀಲಿಯಾದವು. ಕೈ ಚಾಚಿದರೆ ಸಿಗುವಷ್ಟು ಹತ್ತಿರ ಅವಳಿದ್ದಳು. ನಾನು ಅವಳನ್ನೇ ನೆನೆಯುತ್ತ ಕೂತಿರುತ್ತಿದ್ದೆ. ಸ್ಟೂಲಿನ ಮೇಲೆ ಕಾಲಾಡಿಸುತ್ತ ಸೊನ್ನೆಯ ಕತೆ ಹೇಳುತ್ತಿದ್ದ ಅವಳು ಎಲ್ಲಿ ಹೋದಳು? ಒಮ್ಮೆ ಬೇಕೆಂದೇ ಕೇಳಿದೆ.

"ಲೇ ತಂಗಿ, ಈ ಕಿಸೆ ಕೆಟ್ಟೈತಿ. ಪ್ಯಾಂಟು ಬಿಚ್ಚಲೋ, ಕಿಸೆ ಬಿಚ್ಚಲೋ?"

"ಕಿಸೆ ಬಿಚ್ಚು," ಎಂದಳು. ಅಷ್ಟೇ. ನಗಲಿಲ್ಲ.

"ಹುಡುಗಿ ಮಾತು ಎಲ್ಲಿಟ್ಟು ಬಂದಾಳಲೇ?" ಎಂದು ಉಸ್ತಾದ್ ನನ್ನನ್ನು ಕೇಳಿದರು. "ತಂದು ಕೊಡು. ಅಂಗಡಿ ಬಣಬಣ ಅನಿಸ್ತೈತಿ."

ಮುಂದೆ ಅವಳನ್ನು ಸಿರುಗುಪ್ಪಕ್ಕೇ ಕೊಟ್ಟೆವು. ರಾರಾವಿ ಕಡೆ ಗದ್ದೆ ಇರುವ ಒಳ್ಳೆಯ ಮನೆತನ. ಗಿರಣಿಗಳ ಊರು ಅದು. ಬಸ್ಸು ಇಳಿದರೆ ಭತ್ತ ಬೇಯಿಸಿದ ವಾಸನೆ ಮೂಗಿಗೆ ಬಡಿಯುತ್ತದೆ. ಪ್ರತಿ ಸಲ ಅಲ್ಲಿ ಇಳಿದಾಗ, ಆ ಫ್ಲಾಪಿ ತಲುಪಿದ ಗಿರಣಿ ಇವುಗಳಲ್ಲಿ ಯಾವುದಿರಬಹುದು ಎಂದು ಚಿಮಣಿಗಳನ್ನು ನೋಡುತ್ತಿದ್ದೆ. ತಂಗಿ ಮನೆಯಲ್ಲಿಯೇ ಒಂದು ಮಷಿನ್ನು ಇಟ್ಟುಕೊಂಡು ಓಣಿಯ ಹೆಂಗಸರಿಗೆ ಜಂಪರ್ ಹೊಲಿಯುತ್ತಿದ್ದಳು.

ಒಮ್ಮೆ ಹೊರಟು ನಿಂತಾಗ ಅವಳು ಹೇಳಿದಳು, "ಅಣ್ಣ, ಮುಂದಿನ ಸಲ ಬರುವಾಗ ನಿನ್ನ ಕಲ್ಲು ತಂದುಕೊಡ್ತೀಯೇನು? ಸೂಜಿ ಬಿದ್ರ ಸಿಗೋದಿಲ್ಲ. ಅಂಗಡ್ಯಾಗ ಹೊಸದು ಕೇಳಿದೆ, ಅವಕ್ಕ ನಿನ್ನ ಕಲ್ಲಿನ ಜೋರಿಲ್ಲ."

ಮುಂದಿನ ಸಲ ಮರೆತೆನೆಂದೆ. ಅದರ ಮುಂದಿನ ಸಲವೂ. "ಒಂದು ಕಲ್ಲು ಕೊಡಾಕ ಇಷ್ಟು ಜಿಪುಣತನ ಮಾಡ್ತಿಯಲ್ಲೋ," ಎಂದು ನಕ್ಕಳು. ಬಹಳ ದಿನಗಳ ಮೇಲೆ ಕೇಳಿದ ಆ ನಗು ಕಿವಿಯಲ್ಲೇ ಉಳಿಯಿತು. ಆ ನಗುವಿಗಾಗಿಯೇ ಒಯ್ದೆ. ತಗಡಿನ ಡಬ್ಬಿಯಲ್ಲಿ ಹಾಕಿ, ಬಸ್ಸಿನುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡು ಒಯ್ದೆ.

ಮಧ್ಯಾಹ್ನ. ಮನೆಯಲ್ಲಿ ಅವಳೊಬ್ಬಳೇ ಇದ್ದಳು. ಡಬ್ಬಿಗೆ ಕಚ್ಚಿಕೊಂಡಿದ್ದ ಕಲ್ಲನ್ನು ಕಿತ್ತು ಅವಳ ಮಷಿನ್ನಿನ ಹಲಗೆಯ ಮೇಲಿಟ್ಟೆ. ಅಲ್ಲೇ ಪಕ್ಕದಲ್ಲಿ ಅವಳ ಗಂಡನ ಟೇಪ್ ರೆಕಾರ್ಡರಿನ ಒಂದು ಕ್ಯಾಸೆಟ್ಟು ಇತ್ತು. ಅವಳು ನನಗೆ ನೀರು ಕೊಡಲು ಬಂದವಳು, ಚೊಂಬು ನನ್ನ ಕೈಗಿಟ್ಟು, ಆ ಕ್ಯಾಸೆಟ್ಟನ್ನು ಎತ್ತಿಕೊಂಡು ಹೋಗಿ ದೂರದ ಕಿಟಕಿಯಲ್ಲಿಟ್ಟು ಬಂದಳು. ಅದೇ ನಡಿಗೆ, ಅದೇ ಕೈ. ನನ್ನ ಮುಖ ನೋಡಿ, "ಯಾಕಣ್ಣ, ಹಂಗ ಕುಂತಿ? ನೀರು ಕುಡಿ," ಎಂದಳು.

ಚೊಂಬು ಕೆಳಗಿಟ್ಟೆ.

"ತಂಗೀ, ಅವತ್ತು ಫ್ಯಾನಿನ ಗಾಳಿಗೆ ಹಾರತೈತಿ ಅಂತ ನಿನ್ನ ಫ್ಲಾಪಿ ಮ್ಯಾಲೆ ಈ ಕಲ್ಲು ಇಟ್ಟಿದ್ದೆ. ಅಳಿಸಿದ್ದು ನಾನು. ನೀ ಸೊನ್ನಿಗೆ ಜಾಗ ಬಿಟ್ಟಿದ್ದಿ, ದಿನಾ ಬಂದು ಹೇಳತಿದ್ದಿ, ನನಗ ಗೊತ್ತಿತ್ತು. ನೀ ಕೇಳಿದಾಗ ಸುಳ್ಳು ಹೇಳಿದೆ. ನೀ ಬರದಿದ್ದರಾಗ ಒಂದು ತಪ್ಪೂ ಇರಲಿಲ್ಲವ್ವ. ತಪ್ಪು ನಂದು. ನನ್ನ ಕ್ಷಮಿಸು."