ಅಟ್ಟಕ್ಕೆ ಕೂಗಿದ ಅಳತೆ

ಹೆಂಗಸರ ಒಳಉಡುಪಿನ ಅಂಗಡಿ ಅಂದರೆ ಪಿಸುಮಾತಿನ ಜಾಗ ಎಂದು ಎಲ್ಲರ ಅಂದಾಜು. ಕಣ್ಣಳತೆ ಅಕ್ಕನ ಅಂಗಡಿಗೆ ಬರುವವರು ಆ ಅಂದಾಜನ್ನು ಚಪ್ಪಲಿಯ ಜೊತೆ ಹೊರಗೇ ಬಿಡಬೇಕಿತ್ತು. ಅಂಗಡಿಗೆ ಅಗಲಕ್ಕಿಂತ ಎತ್ತರ ಜಾಸ್ತಿ. ಕೆಳಗೆ ಕೌಂಟರು, ಎರಡು ಸ್ಟೂಲು, ಗೋಡೆ ತುಂಬ ರಟ್ಟಿನ ಡಬ್ಬಿಗಳು. ಮೇಲೆ ಮರದ ಅಟ್ಟ, ಅಟ್ಟದಲ್ಲಿ ಅವಳ ಗಂಡ. ಮದುವೆಯಾದ ಹೊಸದರಲ್ಲಿ ಆತ ಮಾಲು ತೆಗೆಯಲು ಏಣಿ ಹತ್ತುತ್ತಿದ್ದ. ಬರುಬರುತ್ತ ಊಟಕ್ಕೆ ಮಾತ್ರ ಏಣಿ ಇಳಿಯುವಂತಾದ. ಕಿವಿ ಸ್ವಲ್ಪ ಮಂದ. ಹಾಗಾಗಿ ಅಕ್ಕ ಕೆಳಗಿನಿಂದ ಅಳತೆ ಕೂಗಬೇಕು, ಸರಿಯಾಗಿ ಕೇಳಿಸಿದೆ ಎಂದು ತಿಳಿಸಲು ಆತ ಮೇಲಿನಿಂದ ಅದನ್ನೇ ತಿರುಗಿ ಕೂಗಬೇಕು, ಆಮೇಲೆ ಡಬ್ಬಿ ಬೀಳಬೇಕು, ಅಕ್ಕ ಅದನ್ನು ಒಂದೇ ಕೈಯಲ್ಲಿ ಹಿಡಿಯಬೇಕು. ಗಿರಾಕಿಯ ಅಳತೆ ಇಷ್ಟರಲ್ಲಿ ಎದುರಿನ ಬೇಕರಿಯವನಿಗೂ ಗೊತ್ತಾಗಿರುತ್ತಿತ್ತು.

ಟೇಪು ಮಾತ್ರ ಆ ಅಂಗಡಿಯಲ್ಲಿ ಇರಲೇ ಇಲ್ಲ. ಬಾಗಿಲಲ್ಲಿ ಬಂದವಳನ್ನು ಅಕ್ಕ ಒಂದು ಸಲ ನೋಡಿದರೆ ಮುಗಿಯಿತು. ಗರ್ಭಿಣಿಯಾಗಿದ್ದೇನೆಂದು ಇನ್ನೂ ಗಂಡನಿಗೂ ಹೇಳದವಳಿಗೆ ಒಂದು ಸೈಜು ದೊಡ್ಡದನ್ನೇ ಕೊಟ್ಟು, "ಇರ್ಲಿ ಇಟ್ಕೊ, ಬೇಕಾಗುತ್ತೆ" ಅಂದವಳು ಅವಳು. ಆ ಕಣ್ಣಿಗಾಗಿಯೇ ಪಕ್ಕದ ಬೀದಿಗಳ ಹೆಂಗಸರೂ ಹುಡುಕಿಕೊಂಡು ಬರುತ್ತಿದ್ದರು.

ಈ ವಿದ್ಯೆ ಶುರುವಾದದ್ದು ಬೇರೆ ಕಾರಣಕ್ಕೆ. ಅವಳು ಸೊಸೆಯಾಗಿ ಬಂದಾಗ ಗಲ್ಲಾದಲ್ಲಿ ಮಾವ ಕೂರುತ್ತಿದ್ದರು. ಗಿರಾಕಿಗಳು ಒಳಗೆ ಬಂದು, ಅವರನ್ನು ನೋಡಿ, ಕರವಸ್ತ್ರ ಕೊಂಡು ಹೋಗುತ್ತಿದ್ದರು. ಬೇಕಾದದ್ದನ್ನು ಬಾಯಿಬಿಟ್ಟು ಹೇಳಲಾಗದೆ, ಮೈಗೆ ಟೇಪು ಸುತ್ತಿಸಿಕೊಳ್ಳಲೂ ಆಗದೆ ಒದ್ದಾಡುವ ಹೆಂಗಸರನ್ನು ನೋಡಿ ಹೊಸ ಸೊಸೆಗೆ ಕರುಳು ಚುರುಕ್ಕೆಂದಿತು. ಕೇಳದೆ, ಮುಟ್ಟದೆ, ಕಣ್ಣಲ್ಲೇ ಅಳೆದು, ಕಾಗದದಲ್ಲಿ ಸುತ್ತಿ ಕೈಗಿಡುವುದನ್ನು ಕಲಿತಳು. ಅವರ ಮಾನ ಉಳಿಸಲು ಕಲಿತ ವಿದ್ಯೆ ಅದು. ವ್ಯಾಪಾರ ಕುದುರಿತು, ಮಾವ ಮನೆಗೆ ಹೋದರು, ಗಂಡ ಅಟ್ಟಕ್ಕೆ ಹೋದ. ಮೆಚ್ಚುವವರು ಹೆಚ್ಚಾದ ಹಾಗೆ ಅಕ್ಕನ ದನಿಯೂ ಏರಿತು. ಮಾಲಿಗಿಂತ ಹೊಗಳಿಕೆ ಬೇಗ ಖರ್ಚಾಗುವ ಅಂಗಡಿಯಲ್ಲಿ ಹೀಗಾಗುವುದು ಸಹಜ.

ಎದುರು ಸಾಲಿನಲ್ಲಿ, ಬೇಕರಿಯ ಪಕ್ಕ, ಹೊಲಿಗೆ ಅಂಗಡಿ. ಅದರ ಒಡತಿಯನ್ನು ಬೀದಿಯೆಲ್ಲ ಸೂಜಿ ಎಂದೇ ಕರೆಯುತ್ತಿತ್ತು. ಮೈಯೂ ಸಣ್ಣ, ಮಾತೂ ಚುಚ್ಚು. ಅಕ್ಕನಿಗೆ ಸರಿಸಮ ಜವಾಬು ಕೊಡುವವಳು ಆ ಬೀದಿಯಲ್ಲಿ ಅವಳೊಬ್ಬಳೇ.

"ಟೇಪ್ ಇಲ್ದೆ ವ್ಯಾಪಾರ ಮಾಡೋಳು, ನಿನ್ನ ನಂಬೋದು ಹೇಗೆ?" ಎಂದು ಸೂಜಿ ಕೆಣಕುತ್ತಿದ್ದಳು.

"ಟೇಪ್ ಇದ್ದೂ ತೋಳು ಗಿಡ್ಡ ಹೊಲಿಯೋಳು, ನಿನ್ನ ನಂಬಿಲ್ವಾ ನಾನು?" ಎಂದು ಅಕ್ಕ ಕೌಂಟರಿನಿಂದಲೇ ತಿರುಗಿಸುತ್ತಿದ್ದಳು.

ಹಿಂದಿನ ಚಳಿಗಾಲ ಸೂಜಿಯ ಶಟರು ಬಹಳ ದಿನ ಮುಚ್ಚಿತ್ತು. ದೂರದೂರಿನಲ್ಲಿರುವ ಮಗಳ ಹೆರಿಗೆಗೆ ಹೋಗಿದ್ದೆ ಎಂದು ವಾಪಸು ಬಂದ ಮೇಲೆ ಹೇಳಿದಳು. ಮೊದಲಿಗಿಂತಲೂ ಸೊರಗಿದ್ದಳು. ತಲೆಗೆ ಸದಾ ಸ್ಕಾರ್ಫು. ಬಟ್ಟೆ ಕತ್ತರಿಸುವಾಗ ಎಡಗೈ ಮೇಲೆತ್ತಲು ಕಷ್ಟಪಡುತ್ತಿದ್ದಳು. "ಹೆರಿಗೆ ಮಗಳಿಗಾಯ್ತೋ ನಿನಗಾಯ್ತೋ?" ಎಂದು ಅಕ್ಕ ನಗೆಯಾಡಿದಾಗ ಸೂಜಿಯೂ ನಕ್ಕಳು. ಯಾರ ಬಸಿರನ್ನೂ ಬಾಗಿಲಲ್ಲೇ ಹಿಡಿಯುವ ಕಣ್ಣಿಗೆ ಇದಾವುದೂ ಬೀಳಲಿಲ್ಲ. ಗಿರಾಕಿಯಾದರೆ ನೋಡುತ್ತಿದ್ದಳೋ ಏನೋ; ಗೆಳತಿಯನ್ನು ಯಾರು ಅಳೆಯುತ್ತಾರೆ?

ಆಗ ಬಂದವಳು ನರ್ಸಮ್ಮ. ಸ್ತನ ಕ್ಯಾನ್ಸರಾದ ಹೆಂಗಸರ ಬಳಗವೊಂದಿತ್ತು, ಔಷಧಿ ಅಂಗಡಿಯ ಮಹಡಿಯ ಕೋಣೆಯಲ್ಲಿ ಸೇರುತ್ತಿತ್ತು. ಆಸ್ಪತ್ರೆಯ ಕೆಲಸದಿಂದ ನಿವೃತ್ತಿಯಾದ ನರ್ಸಮ್ಮ ಅದನ್ನು ನೋಡಿಕೊಳ್ಳುತ್ತಿದ್ದಳು. ಆಸ್ಪತ್ರೆಗೆ ಹೋಗಿಬರುವ ಖರ್ಚು, ಕೂದಲು ಉದುರಿದವರಿಗೆ ವಿಗ್ಗು, ಆಪರೇಷನ್ ಆದವರಿಗೆ ಒಳಗೆ ಜೇಬಿರುವ ಬ್ರಾ, ಆ ಜೇಬಿಗೆ ಇಡಲು ಮೆತ್ತನೆ ದಿಂಬು. ಇದಕ್ಕೆಲ್ಲ ದುಡ್ಡು ಬೇಕು. ಕೌಂಟರಿನ ಮೇಲೆ ಒಂದು ಚಂದಾ ಡಬ್ಬಿ ಇಡಲು ಜಾಗ ಕೇಳಿದಳು, ಅಷ್ಟೆ.

ಅಕ್ಕ ಡಬ್ಬಿಗೆ ಒಪ್ಪುವ ಆಸಾಮಿಯಲ್ಲ. "ಡಬ್ಬಿ ಏನ್ರಿ, ಇಡೀ ದಿನದ ವ್ಯಾಪಾರಾನೇ ನಿಮ್ದು!" ಎಂದಳು. ತಿಂಗಳ ಕೊನೆಯ ದಿನ ಎಂದು ನಿಗದಿಯಾಯಿತು. ಆ ವಾರ ಹೇಗೂ ನೊಣ ಹೊಡೆಯುವ ವಾರ. ಯಾರಿಗೂ ಹಿಡಿಸದ ಬಣ್ಣದ ಹಳೆ ಮಾಲು ಕೂಡ ದಾನದ ಹೆಸರಿನಲ್ಲಿ ಕದಲುತ್ತದೆ. ಹಾಗೆಂದು ಮನಸ್ಸು ಕೆಟ್ಟದ್ದೇನಲ್ಲ. ಒಳ್ಳೆಯದು ಮಾಡುವಾಗಲೂ ಕೈ ತಾನಾಗಿ ತಕ್ಕಡಿ ಹಿಡಿಯುತ್ತದೆ, ಅದು ವ್ಯಾಪಾರದವರ ಹುಟ್ಟುಗುಣ. ಬ್ಯಾನರು ಬಂತು. ಅದರಲ್ಲಿ ಅಕ್ಕನ ಮುಖ ಊಟದ ತಟ್ಟೆಯಷ್ಟು, ಬಳಗದ ಹೆಸರು ಮೂಲೆಯಲ್ಲಿ ಇರುವೆ ಸಾಲಿನಷ್ಟು.

ಆ ದಿನ ಜನ ಮುಗಿಬಿದ್ದರು. ಬಾಗಿಲ ಬಳಿ ಮೇಜು ಹಾಕಿಕೊಂಡು ನರ್ಸಮ್ಮ ಮತ್ತು ಬಳಗದ ಇಬ್ಬರು ಹೆಂಗಸರು ಕೂತಿದ್ದರು. ಅಕ್ಕ ಕೂಗಿದ್ದೇ ಕೂಗಿದ್ದು. ಅಟ್ಟದಿಂದ ಡಬ್ಬಿ ಉದುರಿದ್ದೇ ಉದುರಿದ್ದು. ಆ ನೂಕುನುಗ್ಗಲಿನಲ್ಲಿ ಸೂಜಿ ಬಂದಳು. ಇಷ್ಟು ಜನದ ನಡುವೆ ತನ್ನನ್ನು ಯಾರು ಗಮನಿಸುತ್ತಾರೆ ಎಂಬ ಧೈರ್ಯದಿಂದ ಬಂದಿದ್ದಳು ಎಂದು ಅಕ್ಕನಿಗೆ ಹೊಳೆದದ್ದು ಆಮೇಲೆ. ಕೌಂಟರಿಗೆ ಒರಗಿ ಮೆಲ್ಲಗೆ, "ಅಕ್ಕ, ಒಂದ್ ನಿಮಿಷ ಒಳಗೆ ಬರ್ತೀಯಾ? ನಿನ್ನ ಹತ್ರ ಒಂದ್ ಮಾತಿದೆ" ಅಂದಳು.

"ಇವತ್ತು ಒಳಗೂ ಇಲ್ಲ, ಹೊರಗೂ ಇಲ್ಲ. ಏನಿದ್ರೂ ಇಲ್ಲೇ ಹೇಳು" ಎಂದು ಅಕ್ಕ ಅವಳನ್ನು ಗಿರಾಕಿಯಂತೆ, ಮೊದಲ ಸಲ, ಮೇಲಿನಿಂದ ಕೆಳಗೆ ನೋಡಿದಳು. ಕಣ್ಣು ಕಂಡದ್ದನ್ನು ಮನಸ್ಸು ತಿಳಿಯುವ ಮೊದಲೇ ಬಾಯಿ ಎತ್ತಿಕೊಂಡಿತು.

"ಅಯ್ಯೋ ನಿನ್ನ! ಊರಿಗೆಲ್ಲ ಫಿಟ್ಟಿಂಗ್ ಹೇಳೋಳು, ನಿನ್ನ ಬಟ್ಟೆ ನೋಡ್ಕೊಂಡಿದ್ದೀಯಾ? ಒಂದ್ ಕಡೆ ತುಂಬು, ಒಂದ್ ಕಡೆ ಚಪ್ಪಟೆ! ರೀ, ನಮ್ ಸೂಜಿಗೊಂದು ಕೊಡ್ರೀ, ಒಂದ್ ಕಡೆ ಚಪ್ಪಟೆ!"

ಜನ ನಕ್ಕರು. ಅಟ್ಟದಿಂದ ಆತ, ಯಾವತ್ತಿನಂತೆ ಕರಾರುವಾಕ್ಕಾಗಿ, ಬೀದಿಗೆ ಕೇಳುವಂತೆ ಕೂಗಿದ: "ಸೂಜಿಗಾ? ಒಂದ್ ಕಡೆ ಚಪ್ಪಟೆನಾ? ಎಡಗಡೆನೋ, ಬಲಗಡೆನೋ?"

ಸೂಜಿಯ ಕೈ ಎಡಗಡೆಗೆ ಹೋಯಿತು. ಒಳಗೆ ಮಡಿಚಿಟ್ಟುಕೊಂಡಿದ್ದ ಬಟ್ಟೆ ಜಾರಿ ಹೊಟ್ಟೆಯ ಹತ್ತಿರ ಉಬ್ಬಿಕೊಂಡಿತ್ತು. ಅದನ್ನು ಅಂಗೈಯಿಂದ ಒತ್ತಿ ಹಿಡಿದುಕೊಂಡೇ ಅವಳು ಜನರನ್ನು ಸರಿಸಿ ಹೊರಗೆ ಹೋದಳು. ಮೇಜಿನ ಹೆಂಗಸರಲ್ಲಿ ಒಬ್ಬಳು ಎದ್ದು ಅವಳ ಹಿಂದೆ ಓಡಿದಳು, ಬಹಳ ದಿನದ ಪರಿಚಯದವಳ ಹಾಗೆ. ನರ್ಸಮ್ಮ ಅಕ್ಕನ ಮುಖವನ್ನು ನೋಡಿದಳು, ಆಮೇಲೆ ಬ್ಯಾನರಿನ ಮುಖವನ್ನು ನೋಡಿದಳು. ಸ್ಕಾರ್ಫು, ಎತ್ತಲಾಗದ ತೋಳು, ದೂರದೂರಿನ ಹೆರಿಗೆ, ಎಲ್ಲವೂ ಅಕ್ಕನ ತಲೆಯ ಮೇಲೆ ಅಟ್ಟದಿಂದ ಬಿದ್ದ ಹಾಗೆ ಒಟ್ಟಿಗೆ ಬಿದ್ದವು. ಅವುಗಳನ್ನು ಹಿಡಿಯಲು ಕೈ ಏಳಲಿಲ್ಲ.

"ಲೇ, ಎಡಾನೋ ಬಲಾನೋ ಹೇಳೇ!" ಮೇಲಿನಿಂದ ಇನ್ನೂ ಕೇಳುತ್ತಿತ್ತು.

ಮಾರನೆಯ ದಿನ ಸೂಜಿಯ ಶಟರು ಏಳಲಿಲ್ಲ. ಅದರ ಮರುದಿನವೂ ಇಲ್ಲ. ಬೀದಿ ಮಾತ್ರ ಅಕ್ಕನನ್ನು ಹೊಗಳುತ್ತಿತ್ತು. ಅಷ್ಟು ದೊಡ್ಡ ಮೊತ್ತ ಯಾವ ಅಂಗಡಿಯೂ ಕೊಟ್ಟಿರಲಿಲ್ಲವಂತೆ. ಒಂದೊಂದು ಹೊಗಳಿಕೆಗೂ ಅಕ್ಕ ಕೌಂಟರಿನ ಕೆಳಗೆ ಏನೋ ಹುಡುಕುವವಳಂತೆ ಬಗ್ಗುತ್ತಿದ್ದಳು. ಬ್ಯಾನರು ಬಿಚ್ಚಲು ಸ್ಟೂಲು ಹತ್ತಿದರೆ, "ಇರ್ಲಿ ಬಿಡಕ್ಕ, ಚೆನ್ನಾಗಿ ಬಂದಿದ್ದೀಯ" ಎಂದು ಬೇಕರಿಯವನು ತಡೆದ. ಅವನೂ ಸುಮ್ಮನಿರಲಿಲ್ಲ. ಬಿಸ್ಕತ್ತಿನ ಗಾಜಿನ ಭರಣಿ ತೊಳೆದು, 'ನಮ್ಮ ಸೂಜಿಯ ಚಿಕಿತ್ಸೆಗೆ' ಎಂದು ಚೀಟಿ ಅಂಟಿಸಿ, ಬ್ರೆಡ್ಡಿನ ಪಕ್ಕದಲ್ಲೇ ಇಟ್ಟಿದ್ದ. ಯಾರ ಮುಂದೆಯೂ ಕೈಚಾಚದ ಹೆಂಗಸು ಈಗ ಬನ್ನು ಕೊಂಡವರ ಚಿಲ್ಲರೆಗೆ ಕಾದು ಕೂತಂತಾಗಿತ್ತು. ಹೊಲಿಯಲು ಕೊಟ್ಟಿದ್ದವರು, "ಪಾಪ, ಅವಳಿಗ್ಯಾಕೆ ತೊಂದ್ರೆ" ಎಂದು ಬೇರೆ ಕಡೆ ವಿಚಾರಿಸತೊಡಗಿದರು. ಹೀಗೇ ಹೋದರೆ ಆ ಶಟರು ಇನ್ನು ಏಳುವುದೇ ಇಲ್ಲ ಎಂದು ಅಕ್ಕನಿಗೆ ಗೊತ್ತಾಯಿತು. ಬೀದಿಯ ಕರುಣೆ ಎಂಥ ಗಿರಾಕಿಗಳನ್ನೂ ಓಡಿಸಬಲ್ಲದು.

ಗಂಡ ಅಂದು ತಾನಾಗಿಯೇ ಏಣಿ ಇಳಿದು ಬಂದ. "ನಾನು ಕೂಗ್ಬಾರ್ದಿತ್ತು ಕಣೇ" ಅಂದ.

"ಕೂಗಿಸಿದ್ದು ನಾನು" ಅಂದಳು ಅಕ್ಕ. ಆತನಿಗೆ ಕೇಳಿಸಲಿಲ್ಲ. ಅವಳು ಇನ್ನೊಮ್ಮೆ ಹೇಳಲಿಲ್ಲ.

ಮಹಡಿಯ ಕೋಣೆಗೆ ಹೋಗಿ ನರ್ಸಮ್ಮನ ಮುಂದೆ ನಿಂತಳು. "ನಾನೇನ್ ಮಾಡ್ಬೇಕು ಹೇಳಿ. ಇನ್ನೊಂದು ದಿನದ ವ್ಯಾಪಾರಾನೂ ಕೊಡ್ತೀನಿ."

"ಕೊಟ್ಟಿದ್ದು ಸಾಕಮ್ಮ" ಎಂದಳು ನರ್ಸಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಉರಿಯಿತು. "ಅವಳ ಹತ್ರ ಹೋಗು. ಆದ್ರೆ ಅಳ್ಕೊಂಡು ಹೋಗ್ಬೇಡ. ನಿನ್ನನ್ನೂ ಅವಳೇ ಸಮಾಧಾನ ಮಾಡ್ಬೇಕಾಗುತ್ತೆ."

ಸೂಜಿಯ ಮನೆ ಅಂಗಡಿಯ ಹಿಂದೆಯೇ. ಬಾಗಿಲು ತೆರೆದವಳು ಸ್ಕಾರ್ಫು ಹಾಕಿರಲಿಲ್ಲ. ತಲೆಯ ಮೇಲೆ ಉಗುರುದ್ದ ಕೂದಲು, ಬೂದು ಬಣ್ಣದ್ದು. ಅಕ್ಕ ನೆಲ ನೋಡಿದಳು.

"ನೋಡು, ಈಗ ಯಾಕೆ ನೆಲ ನೋಡ್ತೀಯ?" ಅಂದಳು ಸೂಜಿ.

"ನನ್ನ ನಾಲಿಗೆ ಸೀಳಿ ಹೋಗ್ಬೇಕು."

"ಹೋದ್ರೆ ವ್ಯಾಪಾರ ಮಾಡೋರ್ ಯಾರು? ಒಳಗೆ ಬಾ."

ಒಳಗೆ ಕೂತರು. ಸೂಜಿ ಟೀ ಇಟ್ಟಳು. ಅಕ್ಕ ಮೆತ್ತಗಿನ ದನಿಯಲ್ಲಿ ಆರೋಗ್ಯ ವಿಚಾರಿಸಿದಳು, ಔಷಧಿ ವಿಚಾರಿಸಿದಳು, ಏನಾದರೂ ಬೇಕಾದರೆ ಹೇಳಬೇಕೆಂದಳು. ಸೂಜಿ ಕೇಳುವಷ್ಟು ಕೇಳಿ ಲೋಟ ಕೆಳಗಿಟ್ಟಳು.

"ಆಸ್ಪತ್ರೇಲಿ ಎಲ್ರೂ ಹೀಗೇ ಮಾತಾಡ್ತಾರೆ. ಮಗಳೂ ಹೀಗೇ. ಈ ಬೀದೀಲಿ ನನ್ನ ಬೈಯೋಳು ಒಬ್ಳಿದ್ಲು. ನಿನ್ನ ಅಂಗಡಿ ಮುಂದೆ ಬಂದ್ರೆ ನನಗೇನೂ ಆಗಿಲ್ಲ ಅನ್ಸೋದು. ಅದಕ್ಕೇ ನಿನಗೂ ಹೇಳ್ಲಿಲ್ಲ. ಅವತ್ತು ಹೇಳೋಣ ಅಂತ್ಲೇ ಬಂದೆ, ನೀನು ನನಗಿಂತ ಮುಂಚೆ ಹೇಳ್ಬಿಟ್ಟೆ. ಇರ್ಲಿ. ಈಗ ನೀನೂ ಮೆತ್ತಗಾದ್ರೆ ನಾನೆಲ್ಲಿಗೆ ಹೋಗ್ಲಿ?"

ಅಕ್ಕ ಆರಿದ ಟೀಯನ್ನು ಒಂದೇ ಗುಟುಕಿಗೆ ಕುಡಿದು ಎದ್ದಳು. ಹೊಡೆದಿದ್ದರೆ ತಡೆದುಕೊಳ್ಳಬಹುದಿತ್ತು.

ವಾಪಸು ಹೋಗುವಾಗ ಬೇಕರಿಗೆ ನುಗ್ಗಿ ಭರಣಿ ಎತ್ತಿಕೊಂಡಳು. "ಏನಕ್ಕ, ಒಳ್ಳೆ ಕೆಲಸಕ್ಕೆ ಇಟ್ಟಿದ್ದು!" ಎಂದು ಬೇಕರಿಯವನು ಅಡ್ಡ ಬಂದ.

"ಅವಳನ್ನ ಕೇಳಿ ಇಟ್ಯಾ?"

"ನೀನು ಕೇಳಿದ್ಯಾ?"

ಬೀದಿಯಲ್ಲಿ ನಾಲ್ಕು ಜನ ನಿಂತು ನೋಡುತ್ತಿದ್ದರು. "ಇಲ್ಲ" ಅಂದಳು ಅಕ್ಕ, ಅವರಿಗೂ ಕೇಳುವಂತೆ. "ಅದಕ್ಕೇ ತೆಗೀತಿದ್ದೀನಿ." ಚೀಟಿ ಕಿತ್ತು, ಭರಣಿಯನ್ನು ನರ್ಸಮ್ಮನ ಕೋಣೆಗೆ ಮುಟ್ಟಿಸಿ ಬಂದು, ಬ್ಯಾನರು ಇಳಿಸಿದಳು. ಅದರ ಹಿಂಬದಿ ಬಿಳಿ. ಒಳಗಿನ ಮೂಲೆಗೆ ಪರದೆಯಾಗಿ ಕಟ್ಟಿದಳು, ಮುಖ ಗೋಡೆಯ ಕಡೆಗೆ. ಡಬ್ಬಿಗಳೆಲ್ಲ ಕೈಗೆಟಕುವ ಹಾಗೆ ಕೆಳಗೆ ಬಂದವು, ಅವುಗಳ ಜೊತೆ ಗಂಡನೂ. ಆತ ಬಾಗಿಲ ಸ್ಟೂಲಿನ ಮೇಲೆ ಬೀದಿಗೆ ಮುಖ ಮಾಡಿ ಕೂರುವುದೆಂದಾಯಿತು. ಕೂಗುವುದು ನಿಂತಿತು. ನಾಟಕ ಮುಗಿದ ಡೇರೆಯಂತೆ ಅಂಗಡಿ ಭಣಭಣ. ಬಂದ ಹಳೆ ಗಿರಾಕಿಗಳು, "ಹುಷಾರಿಲ್ವಾ ಅಕ್ಕ?" ಎಂದು ಕೇಳಿ ಹೋದರು.

ಒಂದು ಮಧ್ಯಾಹ್ನ, ಬೀದಿ ತೂಕಡಿಸುವ ಹೊತ್ತಿನಲ್ಲಿ, ಸೂಜಿ ಬಂದಳು. ಕತ್ತಿನಲ್ಲಿ ಟೇಪು ನೇತಾಡುತ್ತಿತ್ತು. ಬಾಗಿಲಲ್ಲಿದ್ದ ಆತನಿಗೆ, "ಏನ್ ಭಾವ, ಸ್ವರ್ಗದಿಂದ ಇಳಿಸಿಬಿಟ್ರಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಪರದೆಯ ಹಿಂದೆ ಹೋದಳು.

"ಜೇಬಿರೋದು ಬೇಕು. ನರ್ಸಮ್ಮ ಕೊಡೋದು ನನಗೆ ಸಡಿಲ. ಒಳ್ಳೆ ಕಾಟನ್‌ದು ಒಂದು ಕೊಡು, ಜೇಬು ನಾನೇ ಹೊಲ್ಕೋತೀನಿ."

ಅಕ್ಕನ ಕಣ್ಣು ಡಬ್ಬಿಗಳ ಕಡೆಗೇ ಇತ್ತು. ಯಾವ ಡಬ್ಬಿ ಎಂದು ಆ ಕಣ್ಣಿಗೆ ಗೊತ್ತಿರಲಿಲ್ಲ. ಒಂದನ್ನು ಮುಟ್ಟಿ, ಬಿಟ್ಟು, ಇನ್ನೊಂದನ್ನು ಮುಟ್ಟಿದಳು.

"ಊಹೆ ಬೇಡ" ಅಂದಳು ಸೂಜಿ. ಟೇಪು ತೆಗೆದು ಅವಳ ಕೈಗಿಟ್ಟಳು. "ಅಳೆ."

"ನನಗೆ ಬರಲ್ಲ ಕಣೇ."

"ಗೊತ್ತು. ಇಷ್ಟು ವರ್ಷ ಅದನ್ನೇ ತಾನೆ ಹೇಳ್ತಿದ್ದೆ ನಾನು? ಬೆನ್ನ ಹಿಂದಿಂದ ತಗೋ. ಎಡಗೈ ಪೂರ್ತಿ ಏಳಲ್ಲ, ನೀನೇ ಬಗ್ಗಬೇಕು."

ಅಕ್ಕ ಬಗ್ಗಿದಳು. ಟೇಪು ಒಂದು ಕಡೆ ತಿರುಚಿಕೊಂಡಿತು. ಸೂಜಿ ನಾಲಿಗೆ ಲೊಚಗುಟ್ಟಿ ಬಿಡಿಸಿದಳು. ಎಡಗಡೆ ಬಟ್ಟೆಯ ಕೆಳಗೆ ಉದ್ದಕ್ಕೆ ಗಡುಸಾದ ಗಾಯದ ಗೆರೆ ಬೆರಳಿಗೆ ತಾಗಿತು. ಸೂಜಿ ಉಸಿರು ಹಿಡಿದುಕೊಂಡಳು. ಅಕ್ಕ ಟೇಪಿನ ಎರಡೂ ತುದಿ ಸೇರಿಸಿ, ಕಣ್ಣು ಒರೆಸಿಕೊಂಡು, ಅಂಕಿ ಓದಿದಳು.

"ಎಷ್ಟು?" ಎಂದಳು ಸೂಜಿ.

ಅಕ್ಕನ ತುಟಿ ಅಲುಗಿತು.

"ಎಷ್ಟು ಅಂದೆ?"

ಅಕ್ಕ ಇನ್ನೊಮ್ಮೆ ಹೇಳಿದಳು. ಇಷ್ಟು ವರ್ಷ ಅಟ್ಟ ಮುಟ್ಟುತ್ತಿದ್ದ ದನಿ, ಎದುರಿಗೆ ಒಂದು ಗೇಣು ದೂರದಲ್ಲಿದ್ದ ಹೆಂಗಸನ್ನು ಮುಟ್ಟಲಿಲ್ಲ.

"ಜೋರಾಗಿ ಹೇಳೇ" ಅಂದಳು ಸೂಜಿ. "ನನ್ನ ಅಳತೆ, ನನಗಾದ್ರೂ ಕೇಳಿಸ್ಲಿ."

ಪರದೆಯ ಆಚೆ ಸ್ಟೂಲು ಕಿರ್ರೆಂದಿತು. ಮಂದ ಕಿವಿಯ ಮನುಷ್ಯ ಬೀದಿಯ ಕಡೆ ಇನ್ನಷ್ಟು ತಿರುಗಿ ಕೂತ. ಅಕ್ಕ ಟೇಪನ್ನು ಬಿಡದೆ, ತಲೆ ಎತ್ತದೆ, ಮೂರನೆಯ ಸಲಕ್ಕೆ ಬಾಯಿ ತೆರೆದಳು.