ತಂತಿಯ ಮೇಲಿನ ಕಂಬಳಿ

ಪರಮೇಶಣ್ಣ ಯಾವ ಬೀದಿಯಲ್ಲಿ ನಡೆದರೂ ತಲೆಯೆತ್ತಿ ತಂತಿಗಳನ್ನು ನೋಡುತ್ತಾರೆ. ಹಿರಿಯೂರು ಬಸ್ ನಿಲ್ದಾಣದ ಹಿಂದಿನ ನಮ್ಮ ಗಲ್ಲಿಯಲ್ಲಿ ಇದಕ್ಕೆ ನಗುವವರೂ ಇದ್ದಾರೆ. ಈ ಅಭ್ಯಾಸ ಎಲ್ಲಿಂದ ಬಂತೆಂದು ಬರೆಯುತ್ತೇನೆ. ಹೆಚ್ಚಿನದು ನಾನೇ ಕಂಡದ್ದು. ಅವರಿಂದ ಕೇಳಿದ್ದನ್ನು ಕೇಳಿದ್ದೆಂದೇ ಹೇಳುತ್ತೇನೆ.

ಅವರು ಬಬ್ಬೂರಿನವರು. ತಂದೆ ಪಾಪಣ್ಣ ಅಲ್ಲಿನ ಕೃಷಿ ಕೇಂದ್ರದ ಹೊಲದಲ್ಲಿ ಕೂಲಿ ಮಾಡುತ್ತಿದ್ದರು. ಪರಮೇಶಣ್ಣ ಟಿ.ವಿ. ರಿಪೇರಿ ಕಲಿತು, 2006ರಲ್ಲಿ ಈ ಗಲ್ಲಿಯಲ್ಲಿ ಸೈಬರ್ ಸೆಂಟರ್ ತೆರೆದರು. ಬ್ರಾಡ್‌ಬ್ಯಾಂಡ್ ಬಂದ ಮೇಲೆ ಮಧ್ಯಾಹ್ನವೆಲ್ಲ ಗೇಮ್ ಆಡುವವರದೇ ಗಲಾಟೆ. ಚಿತ್ರದುರ್ಗದ ಒಂದು ಸೈಬರಿನವರ ಎದುರು ನಮ್ಮವರು ಬಂದೂಕಿನ ಆಟ ಆಡುತ್ತಿದ್ದರು. ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ.

ಅಂಗಡಿಗೆ ಬರುವ ಫೋನ್ ತಂತಿ ಕಂಬದ ಬಳಿ ಕರೆಂಟಿನ ತಂತಿಯೊಂದರ ಮೇಲೆ ಹಾದು, ಇಳಿಜಾರಾಗಿ ಪಕ್ಕದ ಮನೆಯ ದುರುಗಕ್ಕನ ಅಂಗಳ ದಾಟುತ್ತಿತ್ತು. ಅಲ್ಲಿ ಅದು ಕೈಗೆಟಕುವಷ್ಟು ಜೋತುಬಿದ್ದಿತ್ತು. ನಮ್ಮ ಗಲ್ಲಿಯಲ್ಲಿ ಫೋನ್ ತಂತಿಯೆಂದರೆ ಬಟ್ಟೆ ಒಣಹಾಕುವ ತಂತಿಯೇ. ಹಗ್ಗದಂತೆ ಹರಿಯುವುದಿಲ್ಲ, ಯಾರೂ ಬೇಡವೆನ್ನುವುದಿಲ್ಲ. ದುರುಗಕ್ಕನ ಗಂಡ ಕೆಂಚಣ್ಣ ಕುರಿಗಳೊಂದಿಗೆ ಆದಿವಾಲದ ಕಡೆ ಹೋದರೆ ಬೇಗ ಮರಳುತ್ತಿರಲಿಲ್ಲ. ಮನೆಯ ಬಟ್ಟೆಯೆಲ್ಲ ಆ ತಂತಿಯ ಮೇಲೇ ಒಣಗುತ್ತಿತ್ತು.

ಒಂದು ಬೇಸಿಗೆಯಲ್ಲಿ ತೊಂದರೆ ಶುರುವಾಯಿತು. ನಮ್ಮ ಕಂಪ್ಯೂಟರಿನ ಮಾತು ಆಚೆ ಮುಟ್ಟಿ ಉತ್ತರ ಬರಲು ಹಿಡಿಯುವ ಸಮಯಕ್ಕೆ ಪಿಂಗ್ ಎನ್ನುತ್ತಾರೆ. ನಲವತ್ತು ಮಿಲಿಸೆಕೆಂಡಿನ ಆಸುಪಾಸಿನಲ್ಲಿರಬೇಕಾದ ಅದು ಒಮ್ಮೆಲೇ ಒಂಬೈನೂರಕ್ಕೆ ಹಾರುತ್ತಿತ್ತು. ಪರದೆಯ ಮೇಲಿನ ಮನುಷ್ಯ ಓಡುತ್ತಿದ್ದವನು ಹಾಗೇ ನಿಂತುಬಿಡುತ್ತಿದ್ದ.

"ಅಣ್ಣಾ, ಮತ್ತೆ ಲ್ಯಾಗ್! ನಾನು ಗುಂಡು ಹೊಡೆಯೋ ಹೊತ್ಗೆ ನನ್ನ ತಿಥಿ ಆಗಿರ್ತೈತೆ," ಎಂದು ಚೇತನ್‌ಕುಮಾರ್ ಕೂಗುತ್ತಿದ್ದ. ಅವನು ನಮ್ಮವರಲ್ಲಿ ಚೆನ್ನಾಗಿ ಆಡುವವನು.

"ಲೇ, ಲ್ಯಾಗ್ ಇರೋದು ನಿನ್ ಬೆರಳಲ್ಲಿ. ಸುಮ್ನೆ ಆಡಲೇ."

ಹಾಗೆಂದರೂ ಪರಮೇಶಣ್ಣ ಸುಮ್ಮನಿರಲಿಲ್ಲ. ಯಾರಾದರೂ ಸಿನಿಮಾ ಇಳಿಸಿಕೊಳ್ಳುತ್ತಿದ್ದಾರೆಯೇ ಎಂದು ಒಂದೊಂದೇ ಕಂಪ್ಯೂಟರನ್ನು ಲೈನಿನಿಂದ ಬಿಡಿಸಿ ನೋಡಿದರು. ಮೋಡೆಮ್ ಬದಲಿಸಿದರು. ಗೋಡೆಯೊಳಗಿನ ವೈರನ್ನೂ ಹೊಸದು ಹಾಕಿದರು. ಪಿಂಗ್ ಇಳಿಯಲಿಲ್ಲ. ಫೋನೆತ್ತಿ ಕಿವಿಗಿಟ್ಟರೆ ಒಳಗೆ ಜೇನುಹುಳ ಸಿಕ್ಕಿಕೊಂಡಂತೆ ಗುಂಯ್ ಎನ್ನುತ್ತಿತ್ತು. ನನ್ನ ಕಿವಿಗೂ ಇಟ್ಟು ತೋರಿಸಿದ್ದರು.

ಆ ದಿನಗಳಲ್ಲೇ ದುರುಗಕ್ಕ ಒಮ್ಮೆ ಬಾಗಿಲಿಗೆ ಬಂದರು.

"ಪರಮೇಶ, ನೋವಿನ ಮುಲಾಮು ಐತೇನಪ್ಪ? ಬಟ್ಟೆ ಒಣಗಾಕುವಾಗ ಬಲಗೈ ಜುಮ್ ಅಂತೈತೆ, ಭುಜದ ತಂಕ."

"ವಾಯು ಇರ್ಬೇಕಕ್ಕ. ಹರಳೆಣ್ಣೆ ಬಿಸಿ ಮಾಡಿ ತಿಕ್ಕಳ್ರಿ," ಎಂದರು ಪರಮೇಶಣ್ಣ, ಕಣ್ಣು ಪರದೆಯಿಂದ ತೆಗೆಯದೆ.

ದುರುಗಕ್ಕ ಹಾಗೇ ತಿಕ್ಕಿಕೊಂಡರು. ಎಣ್ಣೆ ಹಚ್ಚಿದ ಕೈಯಲ್ಲೇ ಒದ್ದೆ ಸೀರೆ ಹರವಿದರು.

ಒಂದು ಮಧ್ಯಾಹ್ನ ಚಿತ್ರದುರ್ಗದವರೊಂದಿಗೆ ಆಟ ನಡೆದಾಗಲೇ ಲೋಡ್ ಶೆಡ್ಡಿಂಗ್ ಆಯಿತು. ಬ್ಯಾಟರಿಯ ಮೇಲೆ ಮೋಡೆಮ್ ಮತ್ತು ಎರಡು ಕಂಪ್ಯೂಟರ್ ಉಳಿದವು. ಫ್ಯಾನ್ ನಿಂತು ಸೆಕೆಯಾದರೂ ಚೇತನ್ ಕುಣಿದಾಡಿದ.

"ನಲವತ್ತಣ್ಣಾ, ನಲವತ್ತೇ! ಕರೆಂಟ್ ಹೋಗಿದ್ದೇ ತಡ, ಬೆಣ್ಣೆ ಹಂಗೆ ಓಡ್ತೈತೆ!"

ಎಲ್ಲರೂ ನಕ್ಕರು. ಪರಮೇಶಣ್ಣ ನಗಲಿಲ್ಲ. ಫೋನೆತ್ತಿ ಕಿವಿಗಿಟ್ಟರು. ಗುಂಯ್ ಎಂಬ ಸದ್ದು ಸತ್ತುಹೋಗಿತ್ತು. ಕರೆಂಟ್ ಹೋದಾಗ ಲೈನ್ ಸರಿಯಾದರೆ, ಕೆಡಿಸುತ್ತಿದ್ದುದು ಕರೆಂಟೇ. ಅದು ಹೊರಗೆಲ್ಲೋ ಫೋನ್ ತಂತಿಗೆ ಸೇರುತ್ತಿದೆ. ಆಗ ದುರುಗಕ್ಕನ ಜುಮ್ ಎನ್ನುವ ಕೈ ನೆನಪಾಯಿತೆಂದು ಆಮೇಲೆ ಹೇಳಿದರು. ಫೋನ್ ಬಿಟ್ಟು ಓಡಿದರು. ನಾನೂ ಹಿಂದೆ ಹೋದೆ.

ದುರುಗಕ್ಕ ಅಂದು ಕರಿ ಕಂಬಳಿ ಒಗೆದಿದ್ದರು. ಅವರ ಮನೆದೇವರಿಗೆ ಗದ್ದುಗೆಯಾಗಿ ಹಾಸುವ ಕಂಬಳಿ. ಒಗೆದ ಮೇಲೆ ಪೂಜೆಯ ತನಕ ನೆಲ ಮುಟ್ಟಬಾರದು, ಮಡಿಯಲ್ಲಿಲ್ಲದವರು ಮುಟ್ಟಬಾರದು. ನೀರು ಕುಡಿದ ಕಂಬಳಿ ಒಂದು ಕುರಿಯಷ್ಟು ಭಾರ. ಅದರ ಎಳೆತಕ್ಕೆ ಫೋನ್ ತಂತಿ ಕಂಬದ ಬಳಿ ಕರೆಂಟಿನ ತಂತಿಯ ಮೇಲೆ ಒತ್ತಿ ಕೂತಿತ್ತು. ದಿನವೂ ಬಟ್ಟೆಯ ಭಾರಕ್ಕೆ, ಗಾಳಿಗೆ ತಿಕ್ಕಿ ತಿಕ್ಕಿ ಎರಡರ ರಬ್ಬರೂ ಸವೆದಿತ್ತು. ದುರುಗಕ್ಕ ಬರಿಗಾಲಲ್ಲಿ ಅಂಗಳದ ಕೆಸರುನೀರಿನಲ್ಲಿ ನಿಂತು ಕಂಬಳಿಯ ಅಂಚು ಹಿಂಡುತ್ತಿದ್ದರು.

"ಅಕ್ಕಾ, ಬಿಡ್ರಿ ಅದನ್ನ! ತಂತೀಲಿ ಕರೆಂಟ್ ಐತೆ!"

"ಕರೆಂಟೇ ಹೋಗೈತಲ್ಲೋ. ಎಲ್ಲಿಂದ ಬರ್ತೈತೆ?"

"ಇನ್ನೇನು ಬಂದ್ಬಿಡ್ತೈತೆ. ನೀವು ಈಚೆ ಬರ್ರಿ ಮೊದ್ಲು!"

"ಬಂದ್ರೆ ಇದು ಜಾರಿ ಕೆಳಗೆ ಬೀಳ್ತೈತೆ. ದೇವರ ಕಂಬಳಿ ಕಣಪ್ಪ. ನೀನು ಮುಟ್ಟೀಯ ಮತ್ತೆ, ಸ್ನಾನ ಮಾಡಿದೀಯೋ ಇಲ್ವೋ."

ಪರಮೇಶಣ್ಣ ಎರಡೂ ಕೈ ಬೆನ್ನ ಹಿಂದೆ ಕಟ್ಟಿದರು. "ಮುಟ್ಟಲ್ಲ. ನಿಮ್ಮ ಹೆಗಲಿಗೇ ಎಳ್ಕಳ್ರಿ. ನೀವೇ ಹೊತ್ಕಂಡು ಬರ್ರಿ."

ಅದು ದುರುಗಕ್ಕನಿಗೆ ಒಪ್ಪಿತವಾಯಿತು. ಹೆಗಲು ಕೊಟ್ಟು ಎಳೆದರು. ಅರ್ಧ ಕಂಬಳಿ ಬಂತು. ಉಳಿದದ್ದು ಟೇಪ್ ಬಿಚ್ಚಿ ತಾಮ್ರ ಕಾಣುತ್ತಿದ್ದ ತಂತಿಯ ಗಂಟೊಂದಕ್ಕೆ ಸಿಕ್ಕಿಕೊಂಡಿತು. ಬಿಡಿಸಲು ಅವರು ಬಲಗೈ ಎತ್ತಿ ತಂತಿ ಹಿಡಿದರು.

ಪರಮೇಶಣ್ಣ ಮಡಿ ನೋಡಲಿಲ್ಲ. ಕಂಬಳಿಯನ್ನೂ ಅವರನ್ನೂ ಒಟ್ಟಿಗೆ ಬಾಚಿ ಎಳೆದರು. ಇಬ್ಬರೂ ಜಗಲಿಯ ಮೇಲೆ ಬಿದ್ದರು. ಕಂಬಳಿ ಕೆಸರಿಗೆ ಬಿತ್ತು.

"ಹಾಳು ಮಾಡಿದ್ಯಲ್ಲೋ ಮನೆಹಾಳ! ದೇವ್ರಿಗೇನಂತ..."

ಮಾತು ಮುಗಿಯಲಿಲ್ಲ. ಗಲ್ಲಿಯ ತುದಿಯಲ್ಲಿ "ಬಂತು, ಬಂತು" ಎಂದು ಯಾರೋ ಕೂಗಿದರು. ಮನೆಯೊಳಗೆ ಫ್ಯಾನ್ ತಿರುಗಿತು. ಎಳೆತಕ್ಕೆ ಒಂದಕ್ಕೊಂದು ಸಿಕ್ಕಿಕೊಂಡಿದ್ದ ತಂತಿಗಳ ನಡುವೆ ನೀಲಿ ಕಿಡಿ ಚಟಚಟ ಸಿಡಿಯಿತು. ಅಂಗಡಿಯಿಂದ ಮೋಡೆಮ್ ಸುಟ್ಟ ವಾಸನೆ ಬಂತು.

ದುರುಗಕ್ಕ ಬೈಗುಳವನ್ನು ಅಲ್ಲಿಗೇ ನಿಲ್ಲಿಸಿ ಅಂಗೈ ತಿರುಗಿಸಿ ನೋಡಿಕೊಂಡರು. ಕಂಬಳಿಯನ್ನು ಮತ್ತೆ ಒಗೆದರು.

ಎರಡೂ ತಂತಿಗಳು ಹೊಸದಾದವು. ಪರಮೇಶಣ್ಣ ದುರುಗಕ್ಕನ ಅಂಗಳದಲ್ಲಿ ಬೇವಿನ ಮರದಿಂದ ಗೋಡೆಗೆ ದಪ್ಪ ನೈಲಾನ್ ಹಗ್ಗ ಕಟ್ಟಿಕೊಟ್ಟರು. ಪಿಂಗ್ ನಲವತ್ತರಲ್ಲೇ ನಿಂತಿತು. ಆಟದವರು ಎಲ್ಲವನ್ನೂ ಮರೆತರು.

ಮಳೆಗಾಲ ಮುಗಿದ ಮೇಲೆ ಒಂದು ದಿನ ಚೇತನ್ ಕುರ್ಚಿಯಿಂದ ತಿರುಗಿದ. "ಅಣ್ಣಾ, ಮತ್ತೆ ಲ್ಯಾಗ್. ಒಂಬೈನೂರು."

ಪರಮೇಶಣ್ಣ ಫೋನ್ ಕಿವಿಗಿಟ್ಟು ಅದೇ ಸದ್ದು ಕೇಳಿದರು. ಹೊರಗೆ ಬಂದರೆ ದುರುಗಕ್ಕನ ಬಟ್ಟೆ ಹಗ್ಗದ ಮೇಲಿತ್ತು, ತಂತಿ ಬರಿದಾಗಿತ್ತು. ಆದರೆ ಆ ತಂತಿ ಇನ್ನೂ ಎಷ್ಟೋ ಅಂಗಳಗಳ ಮೇಲೆ ಹಾದು ಇಲ್ಲಿಗೆ ಬರುತ್ತದೆ. ಅವರು ತಲೆಯೆತ್ತಿ ಕಂಬದಿಂದ ಕಂಬಕ್ಕೆ ನೋಡುತ್ತ ನಡೆದರು. ಗಲ್ಲಿಯ ತಿರುವಿನಾಚೆ, ಗೋಡೆಯ ಮೇಲುಗಡೆ, ಅದೇ ತಂತಿಯ ಮೇಲೆ ಒದ್ದೆ ಕೆಂಪು ಬಟ್ಟೆಯೊಂದು ಗಾಳಿಗೆ ಆಡುತ್ತಿತ್ತು. ಅದರ ಅಂಚನ್ನು ಸರಿಪಡಿಸಲು ಕೈಯೊಂದು ಮೇಲೆದ್ದಿತು.

ಪರಮೇಶಣ್ಣ ಕೂಗುತ್ತ ಓಡಿದರು.